ಟ್ರೆಡ್‌ಮಿಲ್ ಕಂಡ್ರೆ ಭಯ, ಡಬ್ಬ ಕಂಡ್ರೆ ಭಕ್ತಿ

ನಮ್ಮ ಮೈಸೂರಿನ ಜಿಮ್‌ಗಳಲ್ಲಿ ಒಂದು ವಿಚಿತ್ರ ನೋಡ್ತಿದ್ದೀನಿ. ಭಾರ ಎತ್ತೋ ಹುಡುಗರಿಗೆ ಇಪ್ಪತ್ತು ನಿಮಿಷ ಸೈಕಲ್ ತುಳಿಯೋಕೆ ಭಯ, ಮಾಡಿಕೊಂಡ ಮಸಲ್ ಎಲ್ಲ ಕರಗಿಹೋಗುತ್ತಂತೆ. ಅದೇ ಹುಡುಗರು ಟ್ರೇನರ್ ಕೊಟ್ಟ ಡಬ್ಬದಿಂದ ಎರಡು ಸ್ಕೂಪ್ ಪ್ರೋಟೀನ್ ಪುಡಿ ಶೇಕರ್‌ಗೆ ಹಾಕಿ, ಕುಲುಕಿ, ಗಟಗಟ ಇಳಿಸಿಬಿಡ್ತಾರೆ. ಡಬ್ಬದ ಹಿಂದೆ ಏನು ಬರೆದಿದೆ ಅಂತ ಓದಿದವರು ನನಗಂತೂ ಸಿಕ್ಕಿಲ್ಲ.

ಈ ಕಾರ್ಡಿಯೋ ಭಯ, ಅಂದ್ರೆ ಓಟ, ಸೈಕಲ್‌ನಂಥ ದಮ್ಮಿನ ತಾಲೀಮಿನ ಭಯ, ಸುಮ್ಮನೆ ಹುಟ್ಟಿದ್ದೇನಲ್ಲ. 1980ರಲ್ಲಿ ರಾಬರ್ಟ್ ಹಿಕ್ಸನ್ ಅನ್ನೋ ಅಮೆರಿಕದ ಸಂಶೋಧಕ ಮೂರು ಗುಂಪು ಮಾಡಿ ಹತ್ತು ವಾರ ತಾಲೀಮು ಕೊಡಿಸಿದ. ಒಂದು ಗುಂಪಿಗೆ ಬರೀ ಭಾರ, ವಾರಕ್ಕೆ 5 ದಿನ. ಇನ್ನೊಂದಕ್ಕೆ ಬರೀ ಓಟ, ಸೈಕಲ್, ವಾರಕ್ಕೆ 6 ದಿನ. ಮೂರನೆಯದಕ್ಕೆ ಎರಡೂ. ಎರಡೂ ಮಾಡಿದವರ ಶಕ್ತಿ ಮೊದಲ ಆರೇಳು ವಾರ ಚೆನ್ನಾಗೇ ಏರಿತು, ಆಮೇಲೆ ನಿಂತಿತು, ಕೊನೆಯ ಎರಡು ವಾರದಲ್ಲಿ ಇಳಿಯಿತು. ಓಡಿದ್ರೆ ಶಕ್ತಿ ಹೋಗುತ್ತೆ ಅನ್ನೋ ಮಾತಿಗೆ ದೊಡ್ಡ ಆಧಾರ ಇದೇ. ಆದರೆ ಆ ಮೂರನೇ ಗುಂಪಿನ ಪಾಡು ನೋಡಿ. ವಾರಕ್ಕೆ 5 ದಿನ ಭಾರ, ಅದರ ಮೇಲೆ 6 ದಿನ ಜೀವ ಹಿಂಡೋ ಓಟ, ಸೈಕಲ್! ಅಷ್ಟು ಮಾಡಿದ್ರೆ ಯಾರ ದೇಹ ತಡೆಯುತ್ತೆ ಸ್ವಾಮಿ? ನಮ್ಮ ಹುಡುಗರು ಹೆದರ್ತಿರೋದು ವಾರಕ್ಕೆ ಎರಡು ದಿನದ ಸೈಕಲ್‌ಗೆ.

ಆಮೇಲೆ ಇಂಥ ಹತ್ತಾರು ಪ್ರಯೋಗಗಳು ನಡೆದವು. ಅವನ್ನೆಲ್ಲ ಒಟ್ಟಿಗೆ ಇಟ್ಟು ಅಳೆದ 2022ರ ವಿಶ್ಲೇಷಣೆಯೊಂದರಲ್ಲಿ, ಎರಡನ್ನೂ ಮಾಡಿದ್ರೆ ಮಸಲ್ ಬೆಳೆಯೋದಕ್ಕಾಗಲಿ, ಗರಿಷ್ಠ ಭಾರ ಎತ್ತೋದಕ್ಕಾಗಲಿ ಅಡ್ಡಿ ಕಾಣಲಿಲ್ಲ. ಜಿಗಿಯೋದು, ಸಿಡಿಯೋದು ಇಂಥ ಶಕ್ತಿಗೆ ಮಾತ್ರ ಸ್ವಲ್ಪ ಹೊಡೆತ, ಅದೂ ಎರಡನ್ನೂ ಒಂದೇ ಹೊತ್ತಲ್ಲಿ ಮಾಡಿದ್ರೆ. ಚಾಂಪಿಯನ್‌ಶಿಪ್‌ಗೆ ಹೋಗೋ ವೇಟ್‌ಲಿಫ್ಟರ್ ಇದನ್ನ ತಲೆಗೆ ಹಚ್ಚಿಕೊಳ್ಳಲಿ. ಕನ್ನಡಿ ಮುಂದೆ ಫೋಟೋ ತೆಗೆಯೋ ನಮಗೇನು?

ನಮ್ಮೂರಿನ ಗರಡಿ ಮನೆಗಳಲ್ಲಿ ಈ ಜಗಳವೇ ಇರಲಿಲ್ಲ. ದಂಡ, ಬಸ್ಕಿ ಹೊಡೆಯೋದು ನೂರರ ಲೆಕ್ಕದಲ್ಲಿ, ಮೇಲೆ ಮಟ್ಟಿಯಲ್ಲಿ ಜೋಡಿ ಕುಸ್ತಿ. ತೋಳು ಎಷ್ಟೇ ದಪ್ಪ ಇರಲಿ, ದಮ್ಮು ಇಲ್ಲದ ಪೈಲ್ವಾನ ಅಖಾಡದಲ್ಲಿ ಎರಡು ನಿಮಿಷಕ್ಕೆ ಬಾಯಿ ಬಿಡ್ತಾನೆ. ಈಗಿನವರ ದಮ್ಮು ನೋಡಬೇಕಾದ್ರೆ ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲ ಹತ್ತಿರ ಹೋಗಿ. ನೂರಿಪ್ಪತ್ತು ಕೆ.ಜಿ. ಸ್ಕ್ವಾಟ್ ಹೊಡೆಯೋ ಭೂಪ ನಂದಿ ತಲುಪೋ ಮೊದಲೇ ಸೊಂಟದ ಮೇಲೆ ಕೈಯಿಟ್ಟು ನಿಂತಿರ್ತಾನೆ. ಪಕ್ಕದಲ್ಲಿ ಹರಕೆ ಹೊತ್ತ ಅಜ್ಜಿ ಮೆಟ್ಟಿಲು ಮೆಟ್ಟಿಲಿಗೂ ಕುಂಕುಮ ಇಟ್ಟುಕೊಂಡು ಮುಂದೆ ಹೋಗ್ತಿರ್ತಾರೆ.

2021ರ ಅಕ್ಟೋಬರ್‌ನಲ್ಲಿ ಅಪ್ಪು ಹೋದಾಗ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದ್ದು ನೆನಪಿರಬೇಕು. ತಪಾಸಣೆ ಮಾಡಿಸಿದ್ದು ಒಳ್ಳೇದೇ ಆಯ್ತು. ಆದರೆ ಬಹಳ ಮನೆಗಳಲ್ಲಿ ಅದರಿಂದ ಹೊರಟ ತೀರ್ಮಾನ ಒಂದೇ, "ಜಿಮ್ಮೇ ಬೇಡ ಮಗಾ." ಹೃದಯವನ್ನೂ ತಾಲೀಮಿಗೆ ಹಾಕಬೇಕು ಅನ್ನೋ ಮಾತು ಯಾಕೋ ಆಗಲೂ ಬರಲಿಲ್ಲ. ವಾರಕ್ಕೆ 150 ನಿಮಿಷದ ಸಾಧಾರಣ ವೇಗದ ಚಟುವಟಿಕೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ಭಾರ ಎತ್ತೋರನ್ನ ಬಿಟ್ಟು ಅಲ್ಲ. ಎತ್ತೋರಿಗೆ ಇನ್ನೊಂದು ಲಾಭವೂ ಇದೆ. ದಮ್ಮು ಚೆನ್ನಾಗಿದ್ರೆ ಎರಡು ಸೆಟ್‌ಗಳ ನಡುವೆ ಬೇಗ ಸುಧಾರಿಸಿಕೊಳ್ತೀರಿ, ಕಾಲಿನ ತಾಲೀಮಿನ ದಿನ ವಾಂತಿಗೆ ಬಕೆಟ್ ಹುಡುಕೋದು ತಪ್ಪುತ್ತೆ.

ಮಾಡೋ ರೀತಿಗೆ ಬಹಳ ಶಾಸ್ತ್ರ ಬೇಡ. ಕುಕ್ಕರಹಳ್ಳಿ ಕೆರೆ ಸುತ್ತ ಬಿರುಸಾಗಿ ನಡೀರಿ, ಪಕ್ಕದವರ ಜೊತೆ ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು, ಅಷ್ಟೇ ವೇಗ. ಜಿಮ್ಮಲ್ಲೇ ಅಂದ್ರೆ ಮೊದಲು ಭಾರ, ಆಮೇಲೆ ಸೈಕಲ್. ಕಾಲಿನ ತಾಲೀಮಿನ ಮಾರನೇ ದಿನ ಉದ್ದ ಓಟ ಇಟ್ಟುಕೊಳ್ಳಬೇಡಿ.

ಇನ್ನು ಡಬ್ಬದ ವಿಷಯ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಮೈ ಬೆಳೆಸೋಕೆ ಪ್ರೋಟೀನ್ ಪುಡಿ ಬೇಡ ಅಂತ ಹೇಳಿತು. ನಾನು ಅಷ್ಟು ಕಟ್ಟುನಿಟ್ಟಿನವನಲ್ಲ. ವೇ ಅಂದ್ರೆ ಹಾಲು ಒಡೆದಾಗ ಉಳಿಯೋ ನೀರಿನಿಂದ ತೆಗೆದ ಪುಡಿ, ಅದರಲ್ಲಿ ಮಾಟವೂ ಇಲ್ಲ, ಮಂತ್ರವೂ ಇಲ್ಲ. ನಂದಿನಿಯವರು ದೋಸೆ ಹಿಟ್ಟಿಗೂ ಅದನ್ನ ಸೇರಿಸಿ ಮಾರುಕಟ್ಟೆಗೆ ಬಿಟ್ಟಿದ್ದಾರೆ. ಆದರೆ ಬೇಕಾ ಅಂತ ಮೊದಲು ಲೆಕ್ಕ ಹಾಕಿ. ಸಾಮಾನ್ಯ ಮನುಷ್ಯನಿಗೆ ದೇಹದ ತೂಕದ ಕೆ.ಜಿ.ಗೆ 0.83 ಗ್ರಾಂ ಪ್ರೋಟೀನ್ ಸಾಕು. ಭಾರ ಎತ್ತೋರಿಗೆ ಸುಮಾರು 1.6 ಗ್ರಾಂ, ಅದರಾಚೆ ತಿಂದ್ರೆ ಹೆಚ್ಚಿನ ಲಾಭ ಕಾಣಲ್ಲ. 70 ಕೆ.ಜಿ. ಆಸಾಮಿಗೆ ದಿನಕ್ಕೆ 112 ಗ್ರಾಂ. ಮೂರು ಮೊಟ್ಟೆಗೆ 18, ಅರ್ಧ ಲೀಟರ್ ಹಾಲಿಗೆ 16, ಐವತ್ತು ಗ್ರಾಂ ಸೋಯಾ ಚಂಕ್ಸ್‌ಗೆ 26. ಇಷ್ಟಕ್ಕೇ 60 ಆಯ್ತು. ಉಳಿದದ್ದಕ್ಕೆ ಹುರುಳಿ ಸಾರು, ಕಡಲೆಬೀಜ, ಮೊಸರು, ಕೋಳಿ ತಿನ್ನೋರಿಗೆ ಕೋಳಿ. ಮೊಟ್ಟೆನೂ ಮುಟ್ಟದ ಮನೆಯವರಿಗೆ, ಹಾಸ್ಟೆಲ್ ಊಟದವರಿಗೆ ಕಷ್ಟ, ಒಪ್ಪಿದೆ. ಅವರು ಒಂದು ಸ್ಕೂಪ್ ಕುಡಿದ್ರೆ ತಪ್ಪೇನಿಲ್ಲ.

ತಪ್ಪು ಇರೋದು ಡಬ್ಬದೊಳಗೆ. ಭಾರತದಲ್ಲಿ ಮಾರಾಟವಾಗೋ 36 ಪ್ರೋಟೀನ್ ಪುಡಿಗಳನ್ನ ಕೇರಳದ ವೈದ್ಯರೊಬ್ಬರ ತಂಡ ಸ್ವಂತ ಖರ್ಚಲ್ಲಿ ಪರೀಕ್ಷೆ ಮಾಡಿಸಿ 2024ರಲ್ಲಿ ಪ್ರಕಟಿಸಿತು. ಹೆಚ್ಚುಕಡಿಮೆ 70 ಶೇಕಡಾ ಡಬ್ಬಗಳ ಮೇಲೆ ಬರೆದ ಪ್ರೋಟೀನ್ ಪ್ರಮಾಣ ಸುಳ್ಳು. ಕೆಲವದರಲ್ಲಿ ಶಿಲೀಂಧ್ರದ ವಿಷ, ಕೀಟನಾಶಕದ ಅಂಶ. ಇಂಥ ಡಬ್ಬ ಮಾರಿದ್ರೆ ಟ್ರೇನರ್‌ಗೆ ಕಮಿಷನ್ ಸಿಗುತ್ತೆ, ಟ್ರೆಡ್‌ಮಿಲ್ ಹತ್ತಿಸಿದ್ರೆ ಏನೂ ಸಿಗಲ್ಲ. ಕಾರ್ಡಿಯೋ ಬಗ್ಗೆ ಅವರು ಯಾಕೆ ಸುಮ್ಮನಿರ್ತಾರೆ ಅನ್ನೋದಕ್ಕೆ ನನಗೆ ಬೇರೆ ಕಾರಣ ಬೇಕಿಲ್ಲ.

ನಾನು ದುಡ್ಡು ಕೊಡೋದು ಒಂದಕ್ಕೆ ಮಾತ್ರ, ಕ್ರಿಯೇಟಿನ್. ಅದನ್ನ 1832ರಲ್ಲೇ ಫ್ರಾನ್ಸಿನ ಶೆವ್ರೊಲ್ ಮಾಂಸದ ರಸದಿಂದ ಬೇರ್ಪಡಿಸಿದ್ದ, ಕ್ರೀಡಾಲೋಕ ಅದನ್ನ ಹಿಡಿದದ್ದು 1990ರ ದಶಕದಲ್ಲಿ. ಹತ್ತು ಸೆಕೆಂಡಿನೊಳಗಿನ ಜೋರು ಕೆಲಸಕ್ಕೆ ಮಸಲ್ ಬಳಸೋ ಇಂಧನವನ್ನ ಇದು ಮತ್ತೆ ತುಂಬಿಕೊಡುತ್ತೆ, ಅದಕ್ಕೇ ಎರಡು ರೆಪ್ ಜಾಸ್ತಿ ಬರುತ್ತೆ. ದಿನಕ್ಕೆ 3ರಿಂದ 5 ಗ್ರಾಂ, ಯಾವ ಹೊತ್ತಲ್ಲಾದರೂ ಸರಿ. ಊಟದಲ್ಲಿ ಮಾಂಸ, ಮೀನು ಇಲ್ಲದವರ ಮಸಲ್‌ನಲ್ಲಿ ಇದು ಮೊದಲೇ ಕಡಿಮೆ ಇರುತ್ತೆ, ಹಾಗಾಗಿ ಸಸ್ಯಾಹಾರಿಗಳಿಗೆ ಇದರ ಗುಣ ಹೆಚ್ಚು ಕಂಡ್ರೂ ಆಶ್ಚರ್ಯ ಇಲ್ಲ. ಮೊದಮೊದಲು ತೂಕ ಒಂದು ಕೆ.ಜಿ. ಏರಬಹುದು, ಅದು ನೀರು, ಗಾಬರಿ ಬೇಡ.

ಗಾಬರಿ ಆಗೋದು ರಕ್ತ ಪರೀಕ್ಷೆಯಲ್ಲಿ. ಕ್ರಿಯೇಟಿನ್ ದೇಹದಲ್ಲಿ ಒಡೆದು ಕ್ರಿಯೇಟಿನೈನ್ ಆಗುತ್ತೆ, ರಿಪೋರ್ಟಲ್ಲಿ ಅದು ಸ್ವಲ್ಪ ಏರಿ ಕಾಣುತ್ತೆ. ಮನೆಯವರು "ಕಿಡ್ನಿ ಹೋಯ್ತು" ಅಂತ ಶುರುಮಾಡ್ತಾರೆ. ಪರೀಕ್ಷೆಗೆ ಮೊದಲೇ ಡಾಕ್ಟರಿಗೆ ವಿಷಯ ಹೇಳಿ. ಕಿಡ್ನಿ ತೊಂದರೆ ಮೊದಲೇ ಇದ್ದವರು ಅವರನ್ನ ಕೇಳದೆ ಮುಟ್ಟಬೇಡಿ.

ಉಳಿದದ್ದೆಲ್ಲ ಬೇಗ ಮುಗಿಸ್ತೀನಿ. ಬಿಸಿಎಎ: ಹಾಲಲ್ಲಿ, ಬೇಳೆಯಲ್ಲಿ, ವೇನಲ್ಲಿ ಇರೋ ಮೂರು ಅಮೈನೋ ಆಮ್ಲಗಳನ್ನ ಬಣ್ಣದ ನೀರು ಮಾಡಿ ಮತ್ತೆ ಮಾರೋದು. ತೂಕ ಏರಿಸೋಕೆ ಅಂತ ಮಾರೋ ಮಾಸ್ ಗೇನರ್: ಬಹುಪಾಲು ಮಾಲ್ಟೋಡೆಕ್ಸ್‌ಟ್ರಿನ್, ಅಂದ್ರೆ ದುಬಾರಿ ಪಿಷ್ಟ. ಅದರ ಬದಲು ಎರಡು ಬಾಳೆಹಣ್ಣು, ಒಂದು ಹಿಡಿ ಕಡಲೆಬೀಜ, ಒಂದು ಲೋಟ ಹಾಲು. ತಾಲೀಮಿಗೆ ಮುಂಚೆ ಕುಡಿಯೋ ಪ್ರಿ ವರ್ಕೌಟ್‌ನಲ್ಲಿ ನಿಜವಾಗಿ ಕೆಲಸ ಮಾಡೋದು ಹೆಚ್ಚಾಗಿ ಕೆಫೀನ್, ಅದು ನಮ್ಮ ಫಿಲ್ಟರ್ ಕಾಫಿಯಲ್ಲೂ ಇದೆ. ಫ್ಯಾಟ್ ಬರ್ನರ್ ಅಂತ ಬರೆದಿದ್ದನ್ನ ಹೃದಯ, ಲಿವರ್ ಬಗ್ಗೆ ಅಕ್ಕರೆ ಇರೋರು ಮುಟ್ಟಲೇಬೇಡಿ. ಸ್ಪರ್ಧೆಗೆ ಹೋಗೋರಿಗೆ ಇನ್ನೊಂದು ಅಪಾಯ ಇದೆ. ಡಬ್ಬದಲ್ಲಿ ನಿಷೇಧಿತ ವಸ್ತು ಸೇರಿದ್ರೆ "ನನಗೆ ಗೊತ್ತಿರಲಿಲ್ಲ" ಅನ್ನೋ ಮಾತು ಮಾತ್ರದಿಂದ ಉದ್ದೀಪನ ಮದ್ದು ತಡೆಯೋ ರಾಷ್ಟ್ರೀಯ ಸಂಸ್ಥೆ ನಾಡಾ (NADA) ಬಿಡಲ್ಲ.

ಇನ್ನು ಯಾವ ಬ್ರಾಂಡ್ ಅಂತ ಇನ್‌ಬಾಕ್ಸಿಗೆ ಬರಬೇಡಿ, ಹೇಳಲ್ಲ. ಕ್ರಿಯೇಟಿನ್ ಮೊನೊಹೈಡ್ರೇಟ್ ಅಂತ ಮಾತ್ರ ಬರೆದಿರಬೇಕು, ಹಣ್ಣಿನ ಫ್ಲೇವರ್, ಸಿಂಹದ ಚಿತ್ರ ಬೇಡ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಲೈಸೆನ್ಸ್ ಸಂಖ್ಯೆ ಇದೆಯಾ ನೋಡಿ, ಅವಧಿ ಮುಗಿದಿದೆಯಾ ನೋಡಿ, ಬಿಲ್ ಇಸ್ಕೊಳ್ಳಿ. ಬಿಲ್ ಕೊಡಲ್ಲ ಅಂದ್ರೆ ಡಬ್ಬ ವಾಪಸ್ ಕೌಂಟರ್ ಮೇಲಿಟ್ಟು ಬನ್ನಿ.