ಮಕ್ಕಳ ಪುಸ್ತಕದಲ್ಲಿ ‘ಅಡ್ಡಿಲ್ಲ’ ಅನ್ನಬಹುದಾ?

ನಾಲ್ಕನೇ ಕ್ಲಾಸಿನಿಂದ ಏಳನೇ ಕ್ಲಾಸಿನವರೆಗಿನ ಮಕ್ಕಳಿಗೆ ಕಾದಂಬರಿ ಬರೆಯುವವರು ಊರಿನ ಮಾತಲ್ಲಿ ಬರೆಯಬೇಕಾ, ಪುಸ್ತಕದ ಕನ್ನಡದಲ್ಲಾ? ಉತ್ತರ ಕನ್ನಡ ಜಿಲ್ಲೆಯಲ್ಲಿ ಮಕ್ಕಳಿಗಾಗಿ ಬರೆಯುತ್ತಿರುವ ಇಬ್ಬರು ಇಲ್ಲಿ ತಮ್ಮ ಮಾತು ಹೇಳಿದ್ದಾರೆ. ಒಬ್ಬರು ಕುಮಟಾ ಕಡೆಯ ಶಿಕ್ಷಕಿ. ಇನ್ನೊಬ್ಬರು ಕಾರವಾರದವರು, ಮನೆಮಾತು ಕೊಂಕಣಿ.

ಪರ: ಅಜ್ಜಿ ಅಜ್ಜಿಯ ಹಾಗೇ ಮಾತಾಡಲಿ

ನಾನು ಐದನೇ ಕ್ಲಾಸಿನಲ್ಲಿದ್ದಾಗ ಮಳೆಗಾಲದ ಬಗ್ಗೆ ಒಂದು ಪ್ರಬಂಧ ಬರೆದಿದ್ದೆ. ‘ಅಜ್ಜಿ ಎಂತ ಹೇಳಿದರೂ ಕೇಳದೆ ನಾವು ಗಜನಿ ಕಟ್ಟೆಗೆ ಓಡಿದೆವು’ ಅಂತ ಅದರಲ್ಲೊಂದು ಸಾಲು. ‘ಎಂತ’ಕ್ಕೆ ಕೆಂಪು ಗೆರೆ ಬಿತ್ತು. ‘ಗಜನಿ’ಗೂ ಬಿತ್ತು. ‘ಎಂತ’ ಹೋಗಿ ‘ಏನು’ ಬಂದದ್ದನ್ನು ಹೇಗೋ ಸಹಿಸಿಕೊಂಡೆ. ‘ಗಜನಿ’ಯ ಜಾಗದಲ್ಲಿ ‘ಹೊಲ’ ಅಂತ ಬರೆದಿದ್ದರು. ಗಜನಿಯನ್ನು ಹೊಲ ಅಂದರೆ ಹೇಗೆ? ಅಘನಾಶಿನಿಯ ಉಪ್ಪುನೀರು ಏರಿ ಇಳಿಯುವ ಭೂಮಿ ಅದು. ಮಳೆಗಾಲದಲ್ಲಿ ಅಲ್ಲಿ ಕಗ್ಗ ಬೆಳೆಯುತ್ತಾರೆ. ಉಪ್ಪನ್ನು ತಡೆದುಕೊಂಡು ನಿಲ್ಲುವ ಭತ್ತ. ಭತ್ತ ಮುಗಿದ ಮೇಲೆ ಅದೇ ನೀರಲ್ಲಿ ಮೀನು, ಶೆಟ್ಲಿ ಅಂದರೆ ಸಿಗಡಿ. ಇಷ್ಟನ್ನೂ ಹಿಡಿದಿಟ್ಟ ಒಂದು ಶಬ್ದ ಹತ್ತು ವರ್ಷದ ಹುಡುಗಿಯ ಕೈಯಲ್ಲಿತ್ತು. ಅದನ್ನು ಕಿತ್ತುಕೊಂಡರು. ಆಮೇಲೆ ನಾನು ಪ್ರಬಂಧದಲ್ಲಿ ನಮ್ಮೂರನ್ನು ಬರೆಯಲೇ ಇಲ್ಲ. ಹಸಿರು ಹೊಲ, ಹಕ್ಕಿಗಳ ಕಲರವ, ತಂಗಾಳಿ ಅಂತ ಬರೆದೆ. ಹತ್ತಕ್ಕೆ ಎಂಟು ಅಂಕ ಬರುತ್ತಿತ್ತು.

ಈಗ ನಾನೇ ಅಕ್ಕೋರು. ಊಟದ ನಂತರ ಅರ್ಧ ಗಂಟೆ ಐದು, ಆರನೇ ಕ್ಲಾಸಿನ ಮಕ್ಕಳಿಗೆ ಕತೆ ಓದುತ್ತೇನೆ. ಈ ವಯಸ್ಸಿನವರಿಗೆ ಚಿತ್ರದ ಪುಸ್ತಕ ‘ಸಣ್ಣವರದ್ದು’ ಅನ್ನಿಸಲು ಶುರುವಾಗಿರುತ್ತದೆ. ದೊಡ್ಡವರ ಕಾದಂಬರಿ ಇನ್ನೂ ದೂರ. ಇಂಗ್ಲಿಷ್ ಪ್ರಕಾಶಕರು 8ರಿಂದ 12 ವರ್ಷದವರಿಗೆ ‘ಮಿಡ್ಲ್ ಗ್ರೇಡ್’ ಅಂತ ಬೇರೆ ಕಪಾಟನ್ನೇ ಮಾಡಿಟ್ಟಿದ್ದಾರೆ. ನಮ್ಮಲ್ಲಿ ಆ ಕಪಾಟು ತುಂಬಾ ಸಣ್ಣದು. ಆದರೆ ಮಗು ಒಂದು ಮೂಲೆ ಹಿಡಿದು ನೂರು ಪುಟ ಓದುವ ಚಟ ಹತ್ತಿಸಿಕೊಳ್ಳುವುದು ಈಗಲೇ. ಪುಸ್ತಕ ಅಂದರೆ ಪಾಠ ಅಂತ ತೀರ್ಮಾನಿಸಿ ಬಿಟ್ಟುಬಿಡುವುದೂ ಈಗಲೇ.

ಹೋದ ವರ್ಷ ನಾನು ಬರೆದ ಒಂದು ಅಧ್ಯಾಯವನ್ನು ಎರಡು ದಿನ ಎರಡು ರೀತಿ ಓದಿದೆ. ಮೊದಲ ದಿನ ಹೀಗಿತ್ತು:

‘ಅಜ್ಜಿ, ನಾನು ದೋಣಿಯ ಬಳಿಗೆ ಹೋಗಿ ಬರಲೇ?’

‘ಹೋಗಿ ಬಾ ಮಗು. ಆದರೆ ನೀರಿಗೆ ಇಳಿಯಬಾರದು.’

ಮಕ್ಕಳು ಕೈಕಟ್ಟಿ ಕೇಳಿದರು. ಮರುದಿನ:

‘ಅಜ್ಜಿ, ದೋಣಿ ಹತ್ರ ಹೋಗ್ಬರ್ಲಾ?’

‘ಹೋಗೂಕೆ ಅಡ್ಡಿಲ್ಲ. ನೀರಿಗೆ ಇಳಿದ್ಯೋ, ನೋಡು ಮತ್ತೆ!’

ಹಿಂದಿನ ಬೆಂಚಿನ ಹುಡುಗ ತಲೆ ಎತ್ತಿದ. ‘ಅಕ್ಕೋರೆ, ಅವ ಇಳಿದೇ ಇಳೀತಾನೆ ಅಲ್ವಾ?’ ಅಂದ. ಮೊದಲ ದಿನದ ಅಜ್ಜಿ ಅವನಿಗೆ ಗೊತ್ತಿರುವ ಯಾರ ಮನೆಯಲ್ಲೂ ಇಲ್ಲ. ಎರಡನೇ ಅಜ್ಜಿಯ ಮಾತು ಮೀರಿದರೆ ಏನಾಗುತ್ತದೆ ಅನ್ನುವುದು ಅವನಿಗೆ ಬೆನ್ನಿನ ಮೇಲೆ ಗೊತ್ತು. ಕತೆ ಅಲ್ಲಿಂದಲೇ ಶುರುವಾಗುವುದು.

‘ಅಡ್ಡಿಲ್ಲ’ ಅನ್ನುವ ಆ ಒಂದು ಮಾತನ್ನೇ ನೋಡಿ. ಬೆಂಗಳೂರಿನ ಬಸ್ಸಲ್ಲೂ ನಮ್ಮ ಜಿಲ್ಲೆಯವರನ್ನು ಗುರುತು ಹಿಡಿಯಲು ಅಷ್ಟು ಸಾಕು. ಪರವಾಗಿಲ್ಲ, ಆಗಬಹುದು, ಸರಿ, ಚೆನ್ನಾಗಿದೆ. ಎಲ್ಲವೂ ಅದರಲ್ಲಿದೆ. ಯಾವ ಅರ್ಥ ಅಂತ ಹೇಳುವ ದನಿಯಿಂದ ತಿಳಿಯಬೇಕು. ಬೇರೆ ಶಬ್ದ ಹಾಕಿದರೆ ಆ ಅಜ್ಜಿಯೇ ಬೇರೆಯಾಗುತ್ತಾಳೆ.

ನಮ್ಮ ಕಡೆ ಯಕ್ಷಗಾನದ ಆಟ ನೋಡಿದವರಿಗೆ ಇದು ಹೊಸ ವಿಷಯ ಅಲ್ಲ. ರಾಜರು ಗ್ರಂಥದ ಕನ್ನಡ ಮಾತಾಡುತ್ತಾರೆ. ಚಾಪೆ ಮೇಲೆ ಮಕ್ಕಳು ಮಲಗಿರುತ್ತಾರೆ. ಹಾಸ್ಯಗಾರ ಬಂದು ಬೀದಿಯ ಮಾತಲ್ಲಿ ಒಂದು ಸಾಲು ಹೇಳಿದನೋ, ಅರ್ಧ ಮಕ್ಕಳು ಎದ್ದು ಕೂತರು. ಇನ್ನು ಅಂಕೋಲಾದ ಸುಕ್ರಿ ಬೊಮ್ಮಗೌಡ ಅವರನ್ನು ನೆನೆಯಿರಿ. ಸುಕ್ರಜ್ಜಿ ಹಾಡಿದ್ದೆಲ್ಲ ಹಾಲಕ್ಕಿ ಸಮುದಾಯದ ಹಾಡು, ಅವರದೇ ಮಾತಿನ ಕನ್ನಡ. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆ ಹಾಡುಗಳನ್ನು ಯಾರೂ ತಿದ್ದಿ ಪುಸ್ತಕದ ಕನ್ನಡ ಮಾಡಲಿಲ್ಲ. ದೇಶ ಗೌರವಿಸಿದ ಮಾತು ಹಾಲಕ್ಕಿ ಮಗುವಿನ ಕತೆ ಪುಸ್ತಕದಲ್ಲಿ ಇರಬಾರದು ಅಂದರೆ ಹೇಗೆ?

ಹೊಸದಾಗಿ ಬರೆಯುವವರಿಗೆ ನಾನು ಹೇಳುವುದು ಇಷ್ಟೇ. ನಿರೂಪಣೆ ಸರಳವಾದ ಪುಸ್ತಕದ ಕನ್ನಡದಲ್ಲೇ ಇರಲಿ. ಮಾತುಗಳು ಮಾತಿನ ಹಾಗೆ ಬರಲಿ. ಕೇಳಿಸಿದ್ದನ್ನೆಲ್ಲ ಅಕ್ಷರಕ್ಕೆ ಅಕ್ಷರ ಬರೆಯಬೇಡಿ, ಓದುವವರಿಗೆ ಸುಸ್ತಾಗುತ್ತದೆ. ಒಂದು ಮಾತಿಗೆ ಒಂದೆರಡು ಊರಿನ ಶಬ್ದ ಸಾಕು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಊರಿನ ಮಾತನ್ನು ಬರೀ ಕೆಲಸದವರ ಬಾಯಲ್ಲಿ, ಕಳ್ಳನ ಬಾಯಲ್ಲಿ, ನಗಿಸುವವನ ಬಾಯಲ್ಲಿ ಇಡಬೇಡಿ. ಹಾಗೆ ಬರೆದ ಪುಸ್ತಕಗಳನ್ನು ತುಂಬಾ ನೋಡಿದ್ದೇನೆ. ನಾಯಕ ಪಟ್ಟಣದ ಕನ್ನಡ ಮಾತಾಡುತ್ತಾನೆ, ಅವನ ಪೆದ್ದ ಗೆಳೆಯ ಊರಿನ ಮಾತು. ಓದುವ ಮಗು ನಗುತ್ತದೆ. ಮನೆಗೆ ಹೋಗಿ ತನ್ನ ಅಜ್ಜಿ ಮಾತಾಡಿದಾಗಲೂ ನಗುತ್ತದೆ. ನಿಮ್ಮ ಕತೆಯ ಅತಿ ಜಾಣ ಹುಡುಗಿ ‘ಎಂತಕ್ಕೆ?’ ಅಂತ ಕೇಳಲಿ.

ವಿರೋಧ: ಊರಿನ ಮಾತು ಅಂದರೆ ಯಾರ ಮಾತು?

ಆ ಕೆಂಪು ಗೆರೆಯ ವಿಷಯ ಓದಿ ನನಗೂ ಸಂಕಟವಾಯಿತು. ‘ಗಜನಿ’ ತಪ್ಪು ಅಂದವರನ್ನು ನಾನು ಒಪ್ಪುವುದಿಲ್ಲ. ಆದರೆ ಅಕ್ಕೋರ ತರಗತಿ ಕುಮಟಾ ಕಡೆಯದು. ನಾನು ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ಓದಿಸುವುದು ಕಾರವಾರದಲ್ಲಿ. ಅಲ್ಲಿ ‘ಊರಿನ ಮಾತು’ ಅಂದಕೂಡಲೇ ನನ್ನ ಕೈ ನಿಲ್ಲುತ್ತದೆ.

2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಜನ 14 ಲಕ್ಷ ದಾಟಿದ್ದರು. ಅವರಲ್ಲಿ ಕನ್ನಡ ಮನೆಮಾತಾಗಿರುವವರು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಉಳಿದವರಲ್ಲಿ ಕೊಂಕಣಿಯವರು, ಉರ್ದುವಿನವರು, ಮರಾಠಿಯವರು ಇದ್ದಾರೆ. ಭಟ್ಕಳದಲ್ಲಿ ನವಾಯತಿ ಇದೆ. ಕನ್ನಡದವರಲ್ಲೂ ಶಿರಸಿಯ ಹವ್ಯಕರ ಮನೆಯ ಮಾತು ಬೇರೆ, ಅಂಕೋಲಾದ ನಾಡವರ ಮನೆಯದು ಬೇರೆ, ಹಾಲಕ್ಕಿಗಳದ್ದು ಬೇರೆ. ಯಾವುದನ್ನು ಬರೆಯೋಣ? ಒಂದನ್ನು ಬರೆದರೆ ಆ ಮನೆಯ ಮಗು ಹಿಗ್ಗುತ್ತದೆ, ನಿಜ. ಪಕ್ಕದಲ್ಲಿ ಕೂತ ಇನ್ನೊಂದು ಮಗು ನೆಂಟರ ಮನೆಯಲ್ಲಿ ಕೂತ ಹಾಗೆ ಕೂರುತ್ತದೆ.

ಆ ಇನ್ನೊಂದು ಮಗು ನಾನೇ ಆಗಿದ್ದೆ. ಮನೆಯಲ್ಲಿ, ಓಣಿಯಲ್ಲಿ, ಮೀನು ಮಾರುಕಟ್ಟೆಯಲ್ಲಿ ಕೊಂಕಣಿ. ಕನ್ನಡ ಸಿಕ್ಕಿದ್ದು ಪುಸ್ತಕದಿಂದ. ಶಬ್ದ ಶಬ್ದ ಹಿಡಿದು, ಬೆರಳಿಟ್ಟು ಓದಿ ಕಲಿತದ್ದು. ‘ಹೋಗುತ್ತೇನೆ’ ಅನ್ನುವುದು ಎಷ್ಟೋ ಜನರಿಗೆ ಬಿಗಿ ಅಂಗಿ ಇದ್ದ ಹಾಗೆ. ನನಗೆ ಅದು ಬಾಗಿಲಾಗಿತ್ತು. ಯಾವ ಜಾತಿ, ಯಾವ ಕೇರಿ ಅಂತ ಕೇಳದೆ ಒಳಗೆ ಬಿಟ್ಟ ಬಾಗಿಲು.

ಹಾಗಿದ್ದೂ ನಾನು ಮೊದಲು ಬರೆದ ಮಕ್ಕಳ ಕಾದಂಬರಿಯಲ್ಲಿ ಅಕ್ಕೋರು ಹೇಳಿದ ಹಾಗೇ ಮಾಡಿದ್ದೆ. ಅಂಕೋಲಾದ ಗೆಳೆಯರ ಜೊತೆ ಓದಿ ಬೆಳೆದವನು, ಆ ಮಾತು ಕಿವಿಯಲ್ಲಿತ್ತು. ಎಪ್ಪತ್ತು ಪುಟ ಬರೆದೆ. ಪ್ರಿಂಟ್ ತೆಗೆದು ಮಕ್ಕಳಿಗೆ ಕೊಟ್ಟೆ. ಒಂಬತ್ತು ವರ್ಷದ ಹುಡುಗಿಯೊಬ್ಬಳು ಮೂರನೇ ಪುಟದಲ್ಲಿ ‘ಹೋಗೂಕೆ’ ಮೇಲೆ ಬೆರಳಿಟ್ಟು ಕೇಳಿದಳು, ‘ಸರ್, ಇದು ಅಚ್ಚಿನ ತಪ್ಪಾ?’ ನಾನು ವಿವರಿಸಿದೆ. ಅವಳು ತಲೆಯಾಡಿಸಿದಳು. ಆದರೆ ಆಮೇಲೆ ಪ್ರತಿ ಪುಟದಲ್ಲೂ ಎರಡು ಮೂರು ಕಡೆ ನಿಲ್ಲುತ್ತಾ ಹೋದಳು. ಕತೆಯಲ್ಲಿ ದೋಣಿ ಮುಳುಗುತ್ತಿತ್ತು. ಅವಳು ಅಕ್ಷರದಲ್ಲಿ ಸಿಕ್ಕಿಹಾಕಿಕೊಂಡಿದ್ದಳು.

ಅಕ್ಕೋರು ಓದಿದ್ದು ಗಟ್ಟಿಯಾಗಿ. ಅವರ ದನಿಯೇ ಅರ್ಧ ಅರ್ಥ ಹೇಳಿತು. ಪುಸ್ತಕಕ್ಕೆ ದನಿ ಇಲ್ಲ. ‘ಹೋಗ್ಬರ್ಲಾ’ ಕಿವಿಗೆ ಎಷ್ಟು ಸಲೀಸೋ, ಈಗಷ್ಟೇ ಮನಸ್ಸಿನಲ್ಲೇ ಓದಲು ಕಲಿತ ಕಣ್ಣಿಗೆ ಅಷ್ಟೇ ಕಷ್ಟ. ಒತ್ತಕ್ಷರದ ಮೇಲೆ ಒತ್ತಕ್ಷರ. ಈ ವಯಸ್ಸಿಗೆ ಬರೆಯುವವರು ಇದನ್ನು ಮರೆಯಲೇಬಾರದು.

2024ರ ಆಗಸ್ಟ್ 7ರ ನಡುರಾತ್ರಿ ಇಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಲಾರಿಯೊಂದು ನದಿಗೆ ಬಿತ್ತು. ಚಾಲಕ ಬದುಕಿ ಬಂದ. ಆ ವಾರ ನಮ್ಮ ಓದಿನ ಗುಂಪಲ್ಲಿ ಬೇರೆ ಮಾತೇ ಇರಲಿಲ್ಲ. ಮೊದಲು ಮಕ್ಕಳು ತಮ್ಮ ತಮ್ಮ ಮಾತಲ್ಲೇ ಹೇಳಲು ಶುರು ಮಾಡಿದರು. ಕೊಂಕಣಿಯವರು ಒಂದು ಕಡೆ, ಮರಾಠಿಯವರು ಒಂದು ಕಡೆ. ಆಮೇಲೆ ಒಬ್ಬ ಹುಡುಗ ಎದ್ದು ನಿಂತು ಕನ್ನಡದಲ್ಲಿ ಹೇಳಿದ. ಎಲ್ಲರೂ ಕೇಳಿದರು. ಒಬ್ಬರ ಮಾತಿಗೆ ಇನ್ನೊಬ್ಬರು ಸೇರಿಸಿದರು, ಜಗಳ ಆಡಿದರು, ಲಾರಿಯ ಬಣ್ಣ ಬದಲಾಯಿಸಿದರು. ಅವರು ಆಡಿದ್ದು ಹೆಚ್ಚುಕಡಿಮೆ ಪಠ್ಯಪುಸ್ತಕದ ಕನ್ನಡ. ಅವರೆಲ್ಲರಿಗೂ ಸೇರಿದ್ದು ಅದೊಂದೇ. ಅದರಲ್ಲಿ ಅವರು ಉಸಿರು ಕಟ್ಟಿಕೊಂಡು ಕತೆ ಹೇಳಬಲ್ಲರು ಅನ್ನುವುದನ್ನು ಆ ದಿನ ಕಂಡೆ.

ಯಕ್ಷಗಾನದ ಮಾತಿಗೆ ಬರುತ್ತೇನೆ. ಹಾಸ್ಯಗಾರ ಬಂದಾಗ ಮಕ್ಕಳು ಏಳುತ್ತಾರೆ, ಹೌದು. ಆದರೆ ಮರುದಿನ ತೆಂಗಿನ ಗರಿ ಹಿಡಿದುಕೊಂಡು ಅಂಗಳದಲ್ಲಿ ಯಾರ ಪಾತ್ರ ಮಾಡುತ್ತಾರೆ? ಕರ್ಣ. ಅಭಿಮನ್ಯು. ‘ಎಲವೋ’ ಅಂತ ಕೂಗುತ್ತಾರೆ. ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆ ಮೇಳ ಹುಟ್ಟಿದ್ದು 1934ರಲ್ಲಿ. ಅಂದಿನಿಂದ ಎಷ್ಟು ತಲೆಮಾರಿನ ಮಕ್ಕಳು, ಅಕ್ಷರ ಬಾರದವರೂ, ರಾತ್ರಿಯಿಡೀ ಕೂತು ಮನೆಯಲ್ಲಿ ಯಾರೂ ಆಡದ ಕನ್ನಡವನ್ನು ಕಿವಿಯಿಂದಲೇ ಕಲಿತಿದ್ದಾರೆ! ಮಕ್ಕಳಿಗೆ ತಮ್ಮದಲ್ಲದ ಮಾತು ಬೇಡ ಅನ್ನುವುದು ದೊಡ್ಡವರ ಊಹೆ. ಕತೆ ಗಟ್ಟಿ ಇದ್ದರೆ ಅವರು ಮಾತನ್ನು ಬೆನ್ನಟ್ಟಿ ಹಿಡಿಯುತ್ತಾರೆ.

ಹಾಗಾದರೆ ಊರು ಪುಸ್ತಕದಲ್ಲಿ ಬೇಡವಾ? ಬೇಕೇ ಬೇಕು. ನಾನು ಎಪ್ಪತ್ತು ಪುಟವನ್ನು ತಿದ್ದುವಾಗ ಒಂದು ನಿಯಮ ಮಾಡಿಕೊಂಡೆ. ವಸ್ತುಗಳ ಹೆಸರು ಒಂದನ್ನೂ ಬಿಡುವುದಿಲ್ಲ. ಕ್ರಿಯಾಪದ ಮಾತ್ರ ಎಲ್ಲರಿಗೂ ಗೊತ್ತಿರುವ ಕನ್ನಡದ್ದು. ರಂಪಣಿ ಬಲೆ ರಂಪಣಿಯೇ. ಚಿಪ್ಪಿನ ಬಳಚು ಬಳಚೇ. ಶಿರಸಿ ಕಡೆಯ ಕತೆಯಾದರೆ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ, ತೋಟಕ್ಕೆ ಸೊಪ್ಪು ಕೊಡುವ ಸೊಪ್ಪಿನ ಬೆಟ್ಟ, ಅಡಿಕೆಗೆ ಕೊಳೆ ಬಾರದ ಹಾಗೆ ಕಟ್ಟುವ ಕೊಟ್ಟೆ. ಇವಕ್ಕೆ ಬೇರೆ ಶಬ್ದವೇ ಇಲ್ಲ, ಹುಡುಕುವುದೂ ಬೇಡ.

ಇಲ್ಲೂ ಒಂದು ಎಚ್ಚರಿಕೆ ಬೇಕು. ನಾವು ತಾರ್ಲೆ ಅನ್ನುವ ಮೀನು ಕುಂದಾಪುರದಲ್ಲಿ ಬೈಗೆ, ಮಂಗಳೂರಲ್ಲಿ ಬೂತಾಯಿ. ಬೀದರ್‌ನ ಮಗು ಮೂರನ್ನೂ ಕೇಳಿರುವುದಿಲ್ಲ. ಕೊನೆಯ ಪುಟದಲ್ಲಿ ಅರ್ಥಗಳ ಪಟ್ಟಿ ಕೊಟ್ಟರೆ ಯಾರೂ ನೋಡುವುದಿಲ್ಲ. ಅರ್ಥ ಸಾಲಿನ ಒಳಗೇ ಇರಬೇಕು. ‘ಬಲೆ ದಡಕ್ಕೆ ಬಂದಾಗ ತಾರ್ಲೆಗಳು ಬಾಲ ಬಡಿದು ಮರಳೆಲ್ಲ ಬೆಳ್ಳಿ ಮಾಡಿದವು’ ಅಂತ ಬರೆದೆ. ಅದೇ ಹುಡುಗಿ ಓದಿದಳು. ತಾರ್ಲೆ ಅಂದರೇನು ಅಂತ ಹೊರಗಿನ ಯಾವ ಮಗುವೂ ಕೇಳಬೇಕಾಗಿಲ್ಲ. ಈ ಒಂದು ಸಾಲಿಗೆ ನನಗೆ ಎರಡು ಸಂಜೆ ಹಿಡಿಯಿತು. ಮಕ್ಕಳಿಗೆ ಬರೆಯುವುದು ಸುಲಭ ಅಂದುಕೊಂಡು ಬರುವವರು ಇಂಥ ಎರಡು ಸಂಜೆಗಳಿಗೆ ತಯಾರಾಗಿರಬೇಕು.

ಅಂಕೋಲಾದ ನೆಲದಲ್ಲಿ ದುಡಿದ ದಿನಕರ ದೇಸಾಯಿಯವರು ಚುಟುಕ ಬರೆದ ಕನ್ನಡ ನೋಡಿ. ಅದನ್ನು ಓದಲು ಯಾವ ಜಿಲ್ಲೆಯ ಮಗುವಿಗೂ ಅರ್ಥಕೋಶ ಬೇಡ. ಸಿದ್ದಾಪುರದ ತಮ್ಮಣ್ಣ ಬೀಗಾರ ಅವರಿಗೆ 2022ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಬರೆಯಲು ಹೊರಟವರು ಮೊದಲು ನಮ್ಮ ಜಿಲ್ಲೆಯಲ್ಲೇ ಮಕ್ಕಳಿಗಾಗಿ ಬಂದಿರುವ ಪುಸ್ತಕಗಳನ್ನು ಓದಬೇಕು. ಕಾಡು, ಗುಡ್ಡ, ಶಾಲೆ ಹೇಗೆ ಪುಟಕ್ಕೆ ಇಳಿದಿವೆ ಅಂತ ಪೆನ್ಸಿಲ್ ಹಿಡಿದು ನೋಡಬೇಕು.

ಉಳಿದ ಸಲಹೆಗಳಲ್ಲಿ ನನಗೂ ಅಕ್ಕೋರಿಗೂ ಭೇದ ಇರಲಿಕ್ಕಿಲ್ಲ. ನಾಯಕ ಓದುಗರಿಗಿಂತ ಒಂದೆರಡು ವರ್ಷ ದೊಡ್ಡವನಿರಲಿ, ಮಕ್ಕಳು ಮೇಲೆ ನೋಡಿ ಓದುತ್ತಾರೆ. ಕಷ್ಟ ಬಂದಾಗ ಅಪ್ಪನೋ ಮೇಷ್ಟ್ರೋ ಬಂದು ಬಿಡಿಸಿಬಿಟ್ಟರೆ ಕತೆ ಅಲ್ಲೇ ಸತ್ತಿತು. ಮಕ್ಕಳೇ ಬಿಡಿಸಲಿ. ಕೊನೆಯಲ್ಲಿ ನೀತಿ ಹೇಳುವ ಪುಟ ಇದ್ದರೆ ಹರಿದು ಹಾಕಿ. ಜಾಣ ಹುಡುಗಿಯ ಬಗ್ಗೆ ಅವರು ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಊರಿನ ಮಾತು ಪೆದ್ದನ ಬಾಯಲ್ಲಿ ಮಾತ್ರ ಇರುವುದಾದರೆ ಎಲ್ಲೂ ಇಲ್ಲದಿರುವುದೇ ಮೇಲು.

ಅಕ್ಕೋರು ಐದನೇ ಕ್ಲಾಸಿನ ಆ ಪ್ರಬಂಧವನ್ನು ಈಗ ಕಾದಂಬರಿಯಾಗಿ ಬರೆಯಬೇಕು ಅಂತ ನನ್ನ ಆಸೆ. ಅಜ್ಜಿ, ಕಟ್ಟೆ, ಕಗ್ಗ, ಉಪ್ಪುನೀರು ಎಲ್ಲ ಇರಲಿ. ಬರೆದು ಕಾರವಾರಕ್ಕೆ ಕಳಿಸಿದರೆ ನಮ್ಮ ಮಕ್ಕಳಿಗೆ ಓದಲು ಕೊಡುತ್ತೇನೆ. ‘ಗಜನಿ’ಯನ್ನು ಯಾರೂ ಮುಟ್ಟದ ಹಾಗೆ ನಾನೇ ಕಾಯುತ್ತೇನೆ. ‘ಎಂತ’ದ ಬಗ್ಗೆ ಮಾತ್ರ ಒಂದು ದಿನ ಕೂತು ಮಾತಾಡೋಣ.