ಹುಡುಗಿ ಶಾಲೆಗೆ ಬಾರದ ಮೊದಲ ವಾರ

ಹೆಣ್ಣುಮಕ್ಕಳ ಸಾಗಾಣಿಕೆ ತಡೆಯಲು ಸರ್ಕಾರ ಏನು ಮಾಡುತ್ತಿದೆ ಅಂತ ಕೇಳಿದರೆ ನಮಗೆ ಸಿಗುವುದು ಬರೀ ರಕ್ಷಣೆಯ ಸುದ್ದಿ. ರೈಲು ನಿಲ್ದಾಣದಲ್ಲಿ ಮಕ್ಕಳು ಸಿಕ್ಕರು, ಲಾಡ್ಜ್ ಮೇಲೆ ದಾಳಿ ಆಯಿತು, ಆರೋಪಿಗಳ ಫೋಟೊ ಬಂತು. ಅದೂ ಬೇಕು. ಆದರೆ ಕೊಪ್ಪಳ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ಪಾಠ ಮಾಡುವ ನಾನು ನೋಡುವುದು ಅದಕ್ಕಿಂತ ಎಷ್ಟೋ ಮುಂಚಿನ ದಿನಗಳನ್ನು. ಹಾಜರಿ ಪುಸ್ತಕದಲ್ಲಿ ಒಂದು ಹುಡುಗಿಯ ಹೆಸರಿನ ಮುಂದೆ ಗೈರು ಬೀಳಲು ಶುರುವಾಗುತ್ತದಲ್ವಾ, ಆ ವಾರ. ಸರ್ಕಾರ ಆಗಲೇ ಎದ್ದು ನಿಲ್ಲಬೇಕು.

2014ರ ಏಪ್ರಿಲ್ 14ರ ರಾತ್ರಿ ನೈಜೀರಿಯಾದ ಚಿಬೊಕ್ ಎಂಬ ಊರಿನ ಶಾಲೆಗೆ ಬೊಕೊ ಹರಾಮ್ ಎಂಬ ಉಗ್ರ ಸಂಘಟನೆಯವರು ನುಗ್ಗಿ 276 ಹುಡುಗಿಯರನ್ನು ಲಾರಿಗಳಲ್ಲಿ ತುಂಬಿಕೊಂಡು ಹೋದರು. ಪರೀಕ್ಷೆ ಬರೆಯಲು ಬಂದಿದ್ದ ಮಕ್ಕಳು ಅವರು. ಎರಡು ದಿನ ಕಳೆಯುವುದರೊಳಗೆ ಅಲ್ಲಿನ ಸೇನೆ, ಕೆಲವರನ್ನು ಬಿಟ್ಟು ಎಲ್ಲರೂ ಬಿಡುಗಡೆಯಾದರು ಅಂತ ಹೇಳಿತು. ಆಮೇಲೆ ಆ ಮಾತನ್ನು ವಾಪಸ್ ತೆಗೆದುಕೊಂಡಿತು. ಅಪ್ಪಂದಿರು ತಾವೇ ಬೈಕ್ ಹತ್ತಿ ಸಂಬಿಸಾ ಕಾಡಿನ ಕಡೆ ಹುಡುಕಲು ಹೊರಟರು. 57 ಹುಡುಗಿಯರು ತಮ್ಮ ಧೈರ್ಯದಿಂದ ತಪ್ಪಿಸಿಕೊಂಡು ಬಂದರು. 2016ರಲ್ಲಿ 21 ಮಂದಿ, 2017ರಲ್ಲಿ 82 ಮಂದಿ ಮಾತುಕತೆಯಿಂದ ಬಿಡುಗಡೆಯಾದರು. ಹತ್ತು ವರ್ಷ ಕಳೆದರೂ ಹಲವರು ಬರಲೇ ಇಲ್ಲ. ಮೊದಲ ದಿನಗಳು ಕೈತಪ್ಪಿದರೆ ಆಗುವುದು ಇದೇ.

ನಮ್ಮಲ್ಲಿ ಬಂದೂಕು ಬೇಕಾಗುವುದಿಲ್ಲ. ಪರಿಚಯ ಸಾಕು. ಸುಗ್ಗಿ ಮುಗಿದ ಮೇಲೆ ಕುಷ್ಟಗಿ, ಲಿಂಗಸುಗೂರು, ಸಿಂಧನೂರು ಕಡೆಯಿಂದ ಜನ ಬೆಂಗಳೂರು, ಗೋವಾ, ಮಂಗಳೂರಿಗೆ ಗುಳೆ ಹೋಗುತ್ತಾರೆ. ಮೇಸ್ತ್ರಿ ಮುಂಗಡ ದುಡ್ಡು ಕೊಟ್ಟಿರುತ್ತಾನೆ. ಎಂಟನೇ ಕ್ಲಾಸಿನ ಹುಡುಗಿಯನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗುತ್ತಾರೆ, ಇಲ್ಲವೇ ತಮ್ಮನನ್ನು ನೋಡಿಕೊಳ್ಳಲಿ ಅಂತ ಜೊತೆಗೇ ಕರೆದೊಯ್ಯುತ್ತಾರೆ. ಎರಡೂ ಕಡೆ ಅವಳ ಮೇಲೆ ಕಣ್ಣಿಡುವವರು ಇರುತ್ತಾರೆ. ಪಟ್ಟಣದಲ್ಲಿ ಮನೆಗೆಲಸ ಕೊಡಿಸುತ್ತೀನಿ ಅನ್ನುವ ದೂರದ ಅತ್ತೆ. ವರದಕ್ಷಿಣೆ ಬೇಡ, ಮದುವೆ ಖರ್ಚೂ ನಮ್ಮದೇ ಅಂತ ಬೇರೆ ರಾಜ್ಯದಿಂದ ಬರುವ ಗಂಡು. ಇನ್‌ಸ್ಟಾಗ್ರಾಮ್‌ನಲ್ಲಿ ಪರಿಚಯವಾಗಿ ಬಸ್ ಸ್ಟ್ಯಾಂಡಿಗೆ ಬಾ ಅನ್ನುವ ಹುಡುಗ. ಇವರಲ್ಲಿ ಯಾರನ್ನೂ ಊರು ತಡೆದು ಕೇಳುವುದಿಲ್ಲ.

2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ತಪ್ಪಿಗೆ ಹೈದರಾಬಾದಿನ ಒಬ್ಬ ತರುಣನನ್ನು ಜನ ಹೊಡೆದು ಕೊಂದರು. ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ವಾಟ್ಸಾಪ್‌ನಲ್ಲಿ ಹರಡಿದ ಸುಳ್ಳು ಒಂದು ಜೀವ ತೆಗೆಯಿತು. ನನಗೆ ಇವತ್ತಿಗೂ ಅದನ್ನು ನೆನೆದರೆ ಸಂಕಟವಾಗುತ್ತದೆ. ಗೊತ್ತಿಲ್ಲದವನ ಮೇಲೆ ಅಷ್ಟು ಸಿಟ್ಟು ತೋರಿಸುವ ನಮ್ಮ ಸೀಮೆ, ಗೊತ್ತಿರುವವನು ಹಾಡಹಗಲೇ ಹುಡುಗಿಯನ್ನು ಕರೆದೊಯ್ದರೆ ಬಾಯಿ ಬಿಡುವುದಿಲ್ಲ.

ನಮ್ಮ ಶಾಲೆಯ ಹುಡುಗಿಯೊಬ್ಬಳು ಹೀಗೇ ಕಾಣೆಯಾದಾಗ ಅವಳ ತಾಯಿ ನನ್ನ ಕೈ ಹಿಡಿದುಕೊಂಡು ಹೇಳಿದ ಮಾತು: "ಅಕ್ಕೋರೆ, ಕಂಪ್ಲೇಂಟ್ ಬ್ಯಾಡ್ರೀ. ಊರಾಗ ಗೊತ್ತಾದ್ರ ಅಕಿ ತಂಗೀನ ಯಾರು ಮಾಡ್ಕೋತಾರ್ರೀ?" ಆ ತಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಊರು ಏನು ಮಾಡುತ್ತದೆ ಅಂತ ಅವಳಿಗೆ ಗೊತ್ತು. ಕೊನೆಗೆ ಧೈರ್ಯ ಮಾಡಿ ಹೋದಾಗ ಸ್ಟೇಷನ್ನಿನಲ್ಲಿ ಸಿಕ್ಕ ಉತ್ತರ, "ಯಾರ ಜೋಡಿನೋ ಹೋಗಿರ್ತಾಳ ಬಿಡ್ರೀ, ಎರಡು ದಿನ ನೋಡ್ರಿ, ಬರ್ತಾಳ."

ಇದು ಕಾನೂನಿಗೆ ನೇರ ವಿರುದ್ಧ. ಮಗು ಕಾಣೆಯಾದ ಪ್ರತಿ ದೂರಿಗೂ ಎಫ್‌ಐಆರ್ ಹಾಕಬೇಕು, ಅಪಹರಣ ಅಥವಾ ಸಾಗಾಣಿಕೆ ಅಂತಲೇ ಮೊದಲು ಭಾವಿಸಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಇಪ್ಪತ್ನಾಲ್ಕು ಗಂಟೆ ಕಾಯಬೇಕು ಅನ್ನುವ ನಿಯಮ ಎಲ್ಲೂ ಇಲ್ಲ. ಹದಿನೆಂಟು ತುಂಬದ ಹುಡುಗಿ ತಾನೇ ಒಪ್ಪಿ ಹೋದಳು ಅಂದರೂ ಕರೆದೊಯ್ದವನ ತಪ್ಪು ಕಡಿಮೆ ಆಗುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಪ್ರಕಾರ ಒಂದು ಮಗುವನ್ನು ಸಾಗಿಸಿದರೆ ಕನಿಷ್ಠ 10 ವರ್ಷ, ಒಂದಕ್ಕಿಂತ ಹೆಚ್ಚು ಮಕ್ಕಳಾದರೆ ಕನಿಷ್ಠ 14 ವರ್ಷ ಜೈಲು. ಎರಡರಲ್ಲೂ ಜೀವಾವಧಿಯವರೆಗೆ ಹೋಗಬಹುದು. ಶಿಕ್ಷೆ ಸಾಲದು ಅಂತ ಯಾರೂ ಹೇಳುವಂತಿಲ್ಲ. ಆದರೆ ಕೇಸೇ ದಾಖಲಾಗದಿದ್ದರೆ ಆ ಕಲಂ ಯಾರ ಉಪಯೋಗಕ್ಕೆ?

ನಾಲ್ಕು ತಿಂಗಳಾದರೂ ಮಗು ಸಿಗದಿದ್ದರೆ ಕೇಸು ಪೊಲೀಸರದೇ ಆದ ಮಾನವ ಸಾಗಾಣಿಕೆ ತಡೆ ಘಟಕಕ್ಕೆ ಹೋಗಬೇಕು. ನನ್ನ ದೃಷ್ಟಿಯಲ್ಲಿ ನಾಲ್ಕು ತಿಂಗಳು ತೀರಾ ಜಾಸ್ತಿ. ರಾಯಚೂರಿನಲ್ಲಿ ರಾತ್ರಿ ರೈಲು ಹತ್ತಿದರೆ ಮರುದಿನ ಮುಂಬೈ ಅಥವಾ ಚೆನ್ನೈ. ಮೊದಲ ದಿನವೇ ಆ ಘಟಕಕ್ಕೂ ರೈಲ್ವೆ ಪೊಲೀಸರಿಗೂ ಮಾಹಿತಿ ಹೋಗಬೇಕು. ಸಾಗಾಣಿಕೆ ತಡೆಗೆ ಪೂರ್ತಿ ಒಂದು ಪ್ರತ್ಯೇಕ ಕಾನೂನು ತರುವ ಮಸೂದೆ 2018ರಲ್ಲಿ ಲೋಕಸಭೆಯಲ್ಲಿ ಪಾಸಾಗಿ, ರಾಜ್ಯಸಭೆ ದಾಟದೆ ಬಿದ್ದುಹೋಯಿತು. ಅದರ ಬಗ್ಗೆ ನಮ್ಮ ಸಂಸದರನ್ನು ಕೇಳಿದವರು ಎಷ್ಟು ಜನ?

ಶಾಲೆಯ ಕಡೆಯಿಂದಲೂ ಕೆಲಸ ಇದೆ. ನಮ್ಮ ರಾಜ್ಯದಲ್ಲಿ ಮಗು ಸತತ ಏಳು ದಿನ ಬರದಿದ್ದರೆ ಹುಡುಕಿಕೊಂಡು ಹೋಗಬೇಕು ಅಂತ ನಿಯಮ ಇದೆ. ನಾವು ಶಿಕ್ಷಕರು ಫೋನ್ ಮಾಡುತ್ತೇವೆ, ಮನೆಗೂ ಹೋಗುತ್ತೇವೆ. ಮನೆಗೆ ಬೀಗ. ಪಕ್ಕದವರು "ಗುಳೆ ಹೋಗ್ಯಾರ್ರೀ" ಅನ್ನುತ್ತಾರೆ. ಯಾವ ಊರಿಗೆ, ಯಾವ ಮೇಸ್ತ್ರಿ ಜೊತೆ, ಯಾರಿಗೂ ಗೊತ್ತಿಲ್ಲ. ಗುಳೆ ಹೋಗುವ ಪ್ರತಿ ಕುಟುಂಬದ ವಿವರ, ಜೊತೆಗೆ ಹೋದ ಮಕ್ಕಳ ಹೆಸರು, ಮೇಸ್ತ್ರಿಯ ಫೋನ್ ನಂಬರ್ ಗ್ರಾಮ ಪಂಚಾಯಿತಿಯಲ್ಲಿ ಇರಲೇಬೇಕು. ಒಂದು ದಪ್ಪ ಪುಸ್ತಕ ಸಾಕು, ಕೋಟಿ ಖರ್ಚಿನ ಯೋಜನೆ ಬೇಕಿಲ್ಲ. ಊರಲ್ಲೇ ಹೈಸ್ಕೂಲ್ ಇಲ್ಲದ ಹುಡುಗಿಯರಿಗೆ ಸರ್ಕಾರ ಮತ್ತೆ ಸೈಕಲ್ ಕೊಡಬೇಕು. 2006-07ರಲ್ಲಿ ಶುರುವಾಗಿದ್ದ ಆ ಯೋಜನೆ ಕೊರೊನಾ ಕಾಲದಲ್ಲಿ ನಿಂತಿತು. ಬಸ್ಸಿಗಾಗಿ ಕತ್ತಲಾಗುವವರೆಗೆ ಕಾಯುವ ಹುಡುಗಿಗೆ "ಬಾ, ಬಿಡ್ತೀನಿ" ಅನ್ನುವ ಬೈಕು ಎಲ್ಲಿಂದಲೋ ಬಂದೇ ಬರುತ್ತದೆ.

ವಾಪಸ್ ಬಂದವರ ಪಾಡು ಇನ್ನೊಂದು. ಮಕ್ಕಳ ಕಲ್ಯಾಣ ಸಮಿತಿ ಮುಂದೆ ನಿಂತು, ಬಾಲಮಂದಿರದಲ್ಲಿದ್ದು, ಮನೆಗೆ ಬಂದ ಹುಡುಗಿಗೆ ಒಂದು ಶಾಲೆಯವರು ಟಿಸಿ ತಗೊಂಡು ಹೋಗು ಅಂದದ್ದು ನನಗೆ ಗೊತ್ತು. ಉಳಿದ ಮಕ್ಕಳು ಕೆಡುತ್ತಾರಂತೆ. ಕೆಟ್ಟವನು ಹೊರಗೆ ಆರಾಮಾಗಿ ಓಡಾಡುತ್ತಿದ್ದ. ಬಾಲ್ಯವಿವಾಹಕ್ಕೆ ದಾರಿ ಮಾಡುವುದೂ ಇದೇ ನಾಚಿಕೆ: ಬಂದ ತಿಂಗಳಲ್ಲೇ ಯಾರಿಗೋ ಕಟ್ಟಿಬಿಡುತ್ತಾರೆ, ಎರಡನೇ ಸಲ ಅವಳನ್ನು ಕಳೆದುಕೊಳ್ಳುತ್ತೇವೆ.

ನಿಮ್ಮ ಓಣಿಯಲ್ಲಿ ಇಂಥದ್ದು ನಡೆದರೆ ಆ ತಾಯಿಯನ್ನು ಒಬ್ಬಳೇ ಸ್ಟೇಷನ್ನಿಗೆ ಕಳಿಸಬೇಡಿ, ಜೊತೆಗೆ ಹೋಗಿ. ತುರ್ತು ಸಹಾಯದ 112 ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ತಕ್ಷಣ ಫೋನ್ ಮಾಡಿ. ನಮ್ಮ ಹದ್ದಿಗೆ ಬರುವುದಿಲ್ಲ ಅಂದರೆ ಜೀರೋ ಎಫ್‌ಐಆರ್ ಹಾಕಿ ಅನ್ನಿ, ಯಾವ ಸ್ಟೇಷನ್ನಾದರೂ ಹಾಕಲೇಬೇಕು. ಎಫ್‌ಐಆರ್‌ನ ಪ್ರತಿ ಉಚಿತ, ಕೇಳಿ ತಗೊಳ್ಳಿ. ಸ್ಟೇಷನ್ನಿನವರು ದೂರು ತಗೊಳ್ಳದಿದ್ದರೆ ಅದನ್ನು ಬರೆದು ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ. ಸಾಗಾಣಿಕೆಯ ದೂರನ್ನು ದಾಖಲಿಸದ ಅಧಿಕಾರಿಗೆ ಅದೇ ನ್ಯಾಯ ಸಂಹಿತೆಯ 199ನೇ ಕಲಂನಲ್ಲಿ ಕನಿಷ್ಠ 6 ತಿಂಗಳು ಜೈಲು ಇದೆ. ಅದನ್ನೂ ಅಲ್ಲೇ ನಿಂತು, ಮರ್ಯಾದೆಯಿಂದಲೇ, ಹೇಳಿ.