ನ್ಯೂಯಾರ್ಕಿಗೆ ಫಸ್ಟ್ ರ‍್ಯಾಂಕ್, ಮೂಡಿಗೆರೆಗೆ ಬಿಲ್ಲು

ಪಟ್ಟಿ ಮತ್ತೆ ಬಂದಿದೆ. ಯಾವ ಊರು ಜಗತ್ತನ್ನು ಎಷ್ಟು ಅಲ್ಲಾಡಿಸುತ್ತದೆ ಅಂತ ಅಂಕ ಹಾಕಿ ಸಾಲಾಗಿ ನಿಲ್ಲಿಸುವ ಪಟ್ಟಿ. ನೀವೂ ನೋಡಿರುತ್ತೀರಿ. ಅಮೆರಿಕದಲ್ಲಿ ಮಗ ಇರುವವರು ಯಾರಾದರೂ ಅದನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿಯೇ ಇರುತ್ತಾರೆ, ಮಗನ ಊರಿನ ಕೆಳಗೆ ಕೆಂಪು ಗೆರೆ ಎಳೆದು.

ನ್ಯೂಯಾರ್ಕ್ ಮೊದಲನೆಯದು. ಹೋದ ಸಲವೂ ಅದೇ, ಅದರ ಹಿಂದಿನ ಸಲವೂ ಅದೇ. ಲಂಡನ್, ಪ್ಯಾರಿಸ್, ಟೋಕಿಯೊ ಹಿಂದೆ ಹಿಂದೆ. ಅಮೆರಿಕದ ಲಾಸ್ ಏಂಜಲೀಸ್, ಷಿಕಾಗೊಗಳಿಗೆ ಒಳ್ಳೆ ಸ್ಥಾನ. ಪಟ್ಟಿ ಮಾಡುವ ಕಾರ್ನಿ ಎಂಬ ಕನ್ಸಲ್ಟಿಂಗ್ ಕಂಪನಿಯ ಮನೆ ಇರುವುದೂ ಷಿಕಾಗೊದಲ್ಲೇ. 2008ರಿಂದ ಅದು ಊರುಗಳಿಗೆ ಮಾರ್ಕ್ಸ್ ಕೊಡುತ್ತಿದೆ. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದವರದ್ದು ಇನ್ನೊಂದು ಪಟ್ಟಿ. ಅದರಲ್ಲಿ ನ್ಯೂಯಾರ್ಕ್ ಮತ್ತು ಲಂಡನ್ ಎರಡಕ್ಕೇ 'ಆಲ್ಫಾ ಪ್ಲಸ್ ಪ್ಲಸ್'. ಒಂದು ಪ್ಲಸ್ ಸಾಲಲಿಲ್ಲ, ಪಾಪ.

ಲಫ್‌ಬರೋದವರು ಏನನ್ನು ಎಣಿಸುತ್ತಾರೆ ಗೊತ್ತಾ? ವಕೀಲರು, ಲೆಕ್ಕಪರಿಶೋಧಕರು, ಬ್ಯಾಂಕಿನವರು, ಜಾಹೀರಾತಿನವರು ಯಾವ ಊರಲ್ಲಿ ಆಫೀಸು ಇಟ್ಟಿದ್ದಾರೆ, ಎಷ್ಟು ದೊಡ್ಡದು ಅಂತ. ಅಂದರೆ ಲೆಕ್ಕ ತುಂಬಾ ಸರಳ. ಟೈ ಕಟ್ಟಿಕೊಂಡು ಗಂಟೆ ಲೆಕ್ಕದಲ್ಲಿ ಬಿಲ್ ಮಾಡುವವರು ಎಲ್ಲಿ ಜಾಸ್ತಿಯೋ ಆ ಊರಿಗೆ ಪ್ರಭಾವ ಜಾಸ್ತಿ. ಗೋದಿ ಬೆಳೆಯುವವರು, ಹಡಗು ಕಟ್ಟುವವರು ಎಷ್ಟಿದ್ದರೂ ಪ್ರಯೋಜನವಿಲ್ಲ. ಅವರು ಪವರ್‌ಪಾಯಿಂಟ್ ಮಾಡುವುದಿಲ್ಲವಲ್ಲ.

ನ್ಯೂಯಾರ್ಕ್ ಬಗ್ಗೆ ನನ್ನ ತಕರಾರಿಲ್ಲ. ಅದರ ಪ್ರಭಾವಕ್ಕೆ ಸಾಕ್ಷಿ ಬೇಕಾದರೆ ಮೂಡಿಗೆರೆಗೆ ಹೋಗಿ. ಸಕಲೇಶಪುರವೂ ಆದೀತು. ಅಲ್ಲಿ ಯಾವುದೇ ತೋಟದ ಮನೆಯಲ್ಲಿ ರಾತ್ರಿ ಹೊತ್ತು 'ನ್ಯೂಯಾರ್ಕ್ ಎಷ್ಟಾಯ್ತು?' ಅಂತ ಕೇಳಿ ನೋಡಿ. ಅಜ್ಜಿಯೂ ಉತ್ತರ ಹೇಳುತ್ತಾರೆ, ಸೆಂಟ್ ಲೆಕ್ಕದಲ್ಲಿ. ಅರೇಬಿಕಾ ಕಾಫಿಯ ಬೆಲೆ ತೀರ್ಮಾನವಾಗುವುದು ನ್ಯೂಯಾರ್ಕಿನ ವಾಯಿದೆ ಪೇಟೆಯಲ್ಲಿ, ಅಂದರೆ ಮುಂದೆ ಕೊಡುವ ಮಾಲಿಗೆ ಇವತ್ತೇ ಬೆಲೆ ಕಟ್ಟುವ ಸಂತೆಯಲ್ಲಿ. ರೊಬಸ್ಟಾದ್ದು ಲಂಡನ್ನಿನಲ್ಲಿ. ಗಿಡ ನಮ್ಮದು, ನೆರಳಿನ ಮರ ನಮ್ಮದು, ಕಾಂಡಕೊರಕ ಹುಳವೂ ನಮ್ಮದೇ. ಬೆಲೆ ಮಾತ್ರ ಅವರದು. ಪೇಟೆ ಮುಚ್ಚುವಾಗ ನಮ್ಮಲ್ಲಿ ರಾತ್ರಿ 11, ಚಳಿಗಾಲವಾದರೆ 12. ಹೀಗಾಗಿ ಮಲೆನಾಡಿನಲ್ಲಿ ನಿದ್ದೆಗೆಡುವುದಕ್ಕೆ ಆನೆ ಒಂದೇ ಕಾರಣವಲ್ಲ.

ಮೊದಲು ಹೀಗಿರಲಿಲ್ಲ. ಬೆಳೆದದ್ದನ್ನೆಲ್ಲ ಕಾಫಿ ಬೋರ್ಡಿಗೆ ಹಾಕಬೇಕಿತ್ತು, ಬೋರ್ಡು ತನಗೆ ಪುರುಸೊತ್ತಾದಾಗ ಕಂತಿನಲ್ಲಿ ದುಡ್ಡು ಕೊಡುತ್ತಿತ್ತು. ಅದನ್ನು ಬೈದುಕೊಂಡೇ ಒಂದು ತಲೆಮಾರು ಮುದಿಯಾಯಿತು. ತೊಂಬತ್ತರ ದಶಕದಲ್ಲಿ ಆ ಪದ್ಧತಿ ಹೋಯಿತು, ಬೆಳೆಗಾರ ಸ್ವತಂತ್ರನಾದ. ಸ್ವತಂತ್ರನಾಗಿ ಸೀದಾ ಹೋಗಿ ನ್ಯೂಯಾರ್ಕಿನ ಕೈಗೆ ಬಿದ್ದ. 2001ರಲ್ಲಿ ಅಲ್ಲಿ ಒಂದು ಪೌಂಡ್ ಕಾಫಿಗೆ 50 ಸೆಂಟೂ ಇರಲಿಲ್ಲ. ಹಣ್ಣು ಕೀಳಿಸಿದರೆ ಕೂಲಿಗೂ ಹುಟ್ಟುವುದಿಲ್ಲ ಅನ್ನುವ ಕಾಲ. ಸಾಲ ತೀರಿಸಲಾಗದೆ ತೋಟ ಮಾರಿದವರ ಹೆಸರು ಯಾವ ಸೂಚ್ಯಂಕದಲ್ಲೂ ಇಲ್ಲ.

ಆಮೇಲೆ ಏರಿತು, ಬಿತ್ತು, ಮತ್ತೆ ಏರಿತು. 2024ರ ಡಿಸೆಂಬರ್‌ನಲ್ಲಿ 1977ರ ದಾಖಲೆ ಮುರಿಯಿತು. 2025ರ ಫೆಬ್ರವರಿಯಲ್ಲಿ ಪೌಂಡಿಗೆ 4 ಡಾಲರ್ ದಾಟಿತು. ಬ್ರೆಜಿಲ್‌ನಲ್ಲಿ ಮಳೆ ಕೈಕೊಟ್ಟಿತ್ತು. ಇಷ್ಟಾದರೆ ಸರಿ, ಬೇಸಾಯದವನಿಗೆ ಮಳೆಯ ಭಾಷೆ ಅರ್ಥವಾಗುತ್ತದೆ. ಆದರೆ ಅದೇ ವರ್ಷ ಆಗಸ್ಟ್‌ನಲ್ಲಿ ಟ್ರಂಪ್ ಬ್ರೆಜಿಲ್ ಮೇಲೆ 50 ಪರ್ಸೆಂಟ್ ಸುಂಕ ಹಾಕಿದರು. ಕಾರಣ ಕೊಟ್ಟದ್ದು ಏನು? ಅಲ್ಲಿನ ಮಾಜಿ ಅಧ್ಯಕ್ಷ ಬೊಲ್ಸನಾರೊ ಮೇಲೆ ಕೋರ್ಟಿನಲ್ಲಿ ಕೇಸು ನಡೆಸುತ್ತಿದ್ದಾರೆ, ಅದು ಅನ್ಯಾಯ ಅಂತ. ನ್ಯೂಯಾರ್ಕಿನಲ್ಲಿ ಕಾಫಿ ಜಿಗಿಯಿತು. ಬೊಲ್ಸನಾರೊಗೆ ಸೆಪ್ಟೆಂಬರ್‌ನಲ್ಲಿ 27 ವರ್ಷ ಶಿಕ್ಷೆಯೂ ಆಯಿತು. ನವೆಂಬರ್‌ನಲ್ಲಿ ಅಮೆರಿಕದವರಿಗೇ ಕಾಫಿ ತುಟ್ಟಿಯಾಗಿ, ಸುಂಕದಿಂದ ಕಾಫಿಯನ್ನು ಬಿಟ್ಟರು. ಬೆಲೆ ಅಲುಗಾಡಿತು. ಈಗ ಕೊಪ್ಪದ ಬೆಳೆಗಾರ ಹೂಮಳೆ ಯಾವಾಗ, ಗೊಬ್ಬರ ಯಾವಾಗ ಅನ್ನುವುದರ ಜೊತೆಗೆ ಬ್ರಸಿಲಿಯಾದ ಸುಪ್ರೀಂ ಕೋರ್ಟಿನ ಕಲಾಪವನ್ನೂ ಗಮನಿಸಬೇಕು. ಕೃಷಿ ವಿಜ್ಞಾನ ಕೇಂದ್ರದವರು ಒಂದು ತರಬೇತಿ ಶಿಬಿರ ಇಡಬಹುದು.

ನ್ಯೂಯಾರ್ಕ್ ಒಂದೇ ಆಗಿದ್ದರೆ ಹೇಗೋ ಸಹಿಸಿಕೊಳ್ಳಬಹುದಿತ್ತು. ಅಷ್ಟು ದೊಡ್ಡ ಊರು, ಅಷ್ಟು ಎತ್ತರದ ಕಟ್ಟಡ, ಸ್ವಲ್ಪ ದರ್ಪ ಇರಲಿ ಬಿಡಿ. ನನಗೆ ಬೇಜಾರು ಕುಶಿಂಗ್ ಬಗ್ಗೆ. ಓಕ್ಲಹೋಮಾದ ಒಂದು ಸಣ್ಣ ಊರು. ಎಂಟು ಸಾವಿರದಷ್ಟು ಜನ, ಲೆಕ್ಕವಿಲ್ಲದಷ್ಟು ಎಣ್ಣೆ ಟ್ಯಾಂಕು. ಅಮೆರಿಕದ ಕಚ್ಚಾ ತೈಲದ ವಾಯಿದೆ ವ್ಯಾಪಾರದಲ್ಲಿ ಮಾಲು ಕೈಗೆ ಸಿಗುವ ಜಾಗ ಅದು. 2020ರ ಏಪ್ರಿಲ್‌ನಲ್ಲಿ ಲೋಕವೆಲ್ಲ ಬಾಗಿಲು ಹಾಕಿಕೊಂಡು ಕೂತಾಗ ಅಲ್ಲಿನ ಟ್ಯಾಂಕುಗಳು ತುಂಬುತ್ತಾ ಬಂದವು. ಎಣ್ಣೆ ಇಡಲು ಜಾಗವಿಲ್ಲ. 20ನೇ ತಾರೀಕು ಬೆಲೆ ಸೊನ್ನೆಗಿಂತ ಕೆಳಗೆ ಹೋಗಿ ಮೈನಸ್ 37.63 ಡಾಲರ್‌ಗೆ ನಿಂತಿತು. ಒಂದು ಬ್ಯಾರಲ್ ಎಣ್ಣೆ ತಗೊಂಡು ಹೋಗಿ, ಜೊತೆಗೆ ದುಡ್ಡನ್ನೂ ತಗೊಳ್ಳಿ ಸ್ವಾಮಿ ಅನ್ನುವ ಪರಿಸ್ಥಿತಿ.

ಓಕ್ಲಹೋಮಾದ ಗೋಳು ಓಕ್ಲಹೋಮಾಕ್ಕೆ ಅಂತ ನಾವು ಸುಮ್ನಿರುವ ಹಾಗಿಲ್ಲ. ಮುಂಬೈನ ಎಂಸಿಎಕ್ಸ್ ವಾಯಿದೆ ಪೇಟೆ ಅದೇ ಬೆಲೆಯನ್ನು ಹಿಡಿದು ಲೆಕ್ಕ ಚುಕ್ತಾ ಮಾಡುತ್ತದೆ. ಲಾಕ್‌ಡೌನ್ ಅಂತ ಪೇಟೆಯನ್ನು ಸಂಜೆ 5ಕ್ಕೇ ಮುಚ್ಚುತ್ತಿದ್ದರು. ಬೆಲೆ ಪಾತಾಳಕ್ಕೆ ಬಿದ್ದದ್ದು ನಮ್ಮ ರಾತ್ರಿಯಲ್ಲಿ. ಸಂಜೆ ಎಣ್ಣೆ ಕೊಂಡಿಟ್ಟು ಮಲಗಿದವರಿಗೆ ಬಂದ ಲೆಕ್ಕ ಬ್ಯಾರಲ್‌ಗೆ ಮೈನಸ್ 2,884 ರೂಪಾಯಿ. ಹಾಕಿದ ದುಡ್ಡು ಹೋಗಿದ್ದಲ್ಲದೆ ಮೇಲೆ ಕೊಡಬೇಕು. ದಲ್ಲಾಳಿಗಳು ಕೋರ್ಟಿಗೂ ಹೋದರು. ಎಣ್ಣೆ ಅಷ್ಟು ಅಗ್ಗವಾದ ಮೇಲೆ ನಮ್ಮ ಪೆಟ್ರೋಲ್ ಬಂಕಿನಲ್ಲಿ ಏನಾಯಿತು ಅಂತ ಕೇಳುತ್ತೀರಾ? ಮೇ ತಿಂಗಳ ಮೊದಲ ವಾರ ಕೇಂದ್ರ ಸರ್ಕಾರ ಪೆಟ್ರೋಲ್ ಮೇಲೆ 10 ರೂಪಾಯಿ, ಡೀಸೆಲ್ ಮೇಲೆ 13 ರೂಪಾಯಿ ಸುಂಕ ಏರಿಸಿತು. ಬೆಲೆ ಏರಿದರೆ ಕುಶಿಂಗ್ ಪ್ರಭಾವ. ಇಳಿದರೆ ದೆಹಲಿ ಪ್ರಭಾವ. ಮಧ್ಯದಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ನಿಂತವನದ್ದು ಯಾವ ಪ್ರಭಾವವೂ ಇಲ್ಲ.

ಕುಶಿಂಗ್ ಪಟ್ಟಿಯಲ್ಲಿಲ್ಲ. ವರ್ಜೀನಿಯಾದ ಆಶ್‌ಬರ್ನ್ ಕೂಡ ಇಲ್ಲ. ಅದು ಕಂಪ್ಯೂಟರ್ ಗೋದಾಮುಗಳ ಊರು. 2025ರ ಅಕ್ಟೋಬರ್ 20ರಂದು ಆ ಭಾಗದಲ್ಲಿ ಅಮೆಜಾನ್‌ನ ಕ್ಲೌಡ್, ಅಂದರೆ ಕಂಪನಿಗಳಿಗೆ ಬಾಡಿಗೆಗೆ ಕೊಡುವ ಕಂಪ್ಯೂಟರ್ ವ್ಯವಸ್ಥೆ, ಮುಗ್ಗರಿಸಿದಾಗ ಅರ್ಧ ಇಂಟರ್‌ನೆಟ್ಟೇ ಮಲಗಿತು. ಇಂಟರ್‌ನೆಟ್‌ಗೆ ಕಟ್ಟಿಕೊಂಡ ಸ್ಮಾರ್ಟ್ ಹಾಸಿಗೆಗಳು ಕೂಡ ಮಾತು ಕೇಳಲಿಲ್ಲವಂತೆ. ಲಕ್ಷಾಂತರ ರೂಪಾಯಿಯ ಹಾಸಿಗೆ ತಣ್ಣಗಾಗಲು ವರ್ಜೀನಿಯಾದ ಒಪ್ಪಿಗೆ ಕಾಯುತ್ತಿತ್ತು. ಚಾಪೆಗೆ ಇಂಥ ಸಮಸ್ಯೆ ಇಲ್ಲ.

ಆದರೆ ನನ್ನ ಪ್ರಕಾರ ನಿಜವಾದ ಫಸ್ಟ್ ರ‍್ಯಾಂಕ್ ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್‌ಗೆ ಸಿಗಬೇಕು. ಜನಸಂಖ್ಯೆ ಸುಮಾರು 70 ಸಾವಿರ. ಅಲ್ಲಿ ನಾರ್ತ್ ಆರೆಂಜ್ ಸ್ಟ್ರೀಟ್, ನಂಬರ್ 1209 ಅಂತ ಒಂದು ಒಂದಂತಸ್ತಿನ ಇಟ್ಟಿಗೆ ಕಟ್ಟಡ ಇದೆ. 2012ರ ಹೊತ್ತಿಗೇ 2,85,000 ಕಂಪನಿಗಳ ವಿಳಾಸ ಅದಾಗಿತ್ತು. ಗೂಗಲ್, ಕೋಕಾಕೋಲ, ಫೋರ್ಡ್, ಆಗ ಎಲ್ಲರೂ ಕಾಗದದಲ್ಲಿ ಒಂದೇ ಮನೆಯವರು. ಧರ್ಮಸ್ಥಳದ ವಸತಿಗೃಹದಲ್ಲೂ ಲಕ್ಷದೀಪದ ದಿನ ಇಷ್ಟು ಜನರಿಗೆ ಜಾಗ ಸಿಕ್ಕಿದ್ದಿಲ್ಲ. ಡೆಲವೇರ್‌ನಲ್ಲಿ ಮನುಷ್ಯರು ಹತ್ತು ಲಕ್ಷದ ಆಸುಪಾಸು, ಕಂಪನಿಗಳು ಇಪ್ಪತ್ತು ಲಕ್ಷದ ಮೇಲೆ. ತಲೆಗೆ ಎರಡೆರಡು. ಕೈಗೆ ಸಿಗುವ ನ್ಯಾಯಾಲಯ, ಮಾತು ಕಡಿಮೆ ಆಡುವ ಕಾನೂನು, ಮಾಲೀಕ ಯಾರು ಅಂತ ಜಾಸ್ತಿ ಕೆದಕದ ರಿಜಿಸ್ಟರು. ಇಷ್ಟಿದ್ದರೆ ಪಟ್ಟಿಯಲ್ಲಿ ಅಂಕ ತರುವ ಮ್ಯೂಸಿಯಂ ಯಾಕೆ ಬೇಕು, ಹೇಳಿ.

ಬೆಂಗಳೂರಿನ ಹುಡುಗರಿಗೂ ಈ ವಿಳಾಸದ ಹುಚ್ಚು ಹತ್ತಿತ್ತು. ಆಫೀಸು ಎಚ್‌ಎಸ್‌ಆರ್ ಲೇಔಟ್‌ನಲ್ಲಿ, ಗಿರಾಕಿಗಳು ದಾವಣಗೆರೆಯಲ್ಲಿ, ತಾಯಿ ಕಂಪನಿ ಮಾತ್ರ ಡೆಲವೇರ್‌ನಲ್ಲಿ. ದುಡ್ಡು ಹಾಕುವವರಿಗೆ ಹಾಗೆ ಇದ್ದರೆ ನೆಮ್ಮದಿ. ಆಮೇಲೆ ಇಲ್ಲಿಯ ಷೇರುಪೇಟೆಗೆ ಬರಬೇಕು ಅನ್ನಿಸಿತು, ಊರಿಗೆ ವಾಪಸ್ ಹೊರಟರು. ಷೇರು ಕೊಳ್ಳುವ ಆ್ಯಪ್ ನಡೆಸುವ ಗ್ರೋ ಡೆಲವೇರ್‌ನಿಂದ ಬೆಂಗಳೂರಿಗೆ ಮನೆ ಬದಲಾಯಿಸಲು ಸುಮಾರು 1,340 ಕೋಟಿ ರೂಪಾಯಿ ತೆರಿಗೆ ಕಟ್ಟಿತು. ಆ ವರ್ಷ ಕಂಪನಿ ನಷ್ಟ ತೋರಿಸಿದ್ದೂ ಈ ಕಾರಣಕ್ಕೇ. ಯಾವತ್ತೂ ವಾಸ ಮಾಡದ ಮನೆಯನ್ನು ಖಾಲಿ ಮಾಡಲು ಇಷ್ಟು ದುಡ್ಡು! ಬೆಂಗಳೂರಿನ ಬಾಡಿಗೆ ಮನೆ ಮಾಲೀಕರು ಹತ್ತು ತಿಂಗಳ ಅಡ್ವಾನ್ಸ್ ಕೇಳುತ್ತಾರೆ, ಪೇಂಟಿಂಗ್‌ಗೆ ಹಿಡಿದುಕೊಳ್ಳುತ್ತಾರೆ ಅಂತ ಇನ್ನು ಮೇಲೆ ಬೈಯಬೇಡಿ. ಅವರು ಸಾಧುಗಳು.

ಸರಿ, ವಾಷಿಂಗ್ಟನ್‌ಗೆ ಬರೋಣ. ಮೊದಲ ಐದರಲ್ಲಿ ಅದರ ಹೆಸರಿಲ್ಲ. ಯಾಕೆ ಅಂತ ಕಾರ್ನಿಯ ಅಂಕಪಟ್ಟಿ ನೋಡಿದರೆ ತಿಳಿಯುತ್ತದೆ. ವ್ಯಾಪಾರಕ್ಕೆ ನೂರಕ್ಕೆ 30. ಓದಿದ ಜನ, ಕಾಲೇಜು ಇತ್ಯಾದಿಗೆ 30. ಮಾಹಿತಿ ವಿನಿಮಯಕ್ಕೆ 15. ಸಾಂಸ್ಕೃತಿಕ ಅನುಭವಕ್ಕೆ 15. ರಾಜಕೀಯಕ್ಕೆ 10. ಸಾಂಸ್ಕೃತಿಕ ಅನುಭವ ಅಂದರೆ ಮ್ಯೂಸಿಯಂ, ಆಟೋಟ, ಬಗೆಬಗೆಯ ಊಟ, ಮತ್ತೆ ಗೆಳೆತನದ ಒಪ್ಪಂದ ಮಾಡಿಕೊಂಡ ಸೋದರಿ ನಗರಗಳು. ನಮ್ಮ ಬೆಂಗಳೂರು ಸ್ಯಾನ್ ಫ್ರಾನ್ಸಿಸ್ಕೊಗೂ ತಂಗಿ, ಕ್ಲೀವ್‌ಲ್ಯಾಂಡಿಗೂ ತಂಗಿ. ಅಕ್ಕಂದಿರಿಗೆ ನಮ್ಮಿಂದ ಒಂದಿಷ್ಟು ಅಂಕ ಸಿಗುತ್ತಿರಬಹುದು, ಸಂತೋಷ. ಬಾಗಿನವಂತೂ ಬಂದಿಲ್ಲ.

ಹೀಗೆ ಒಂದು ಊರಿನ ರಾಜಕೀಯದ ತೂಕ ಅದರ ಮ್ಯೂಸಿಯಂ ಮತ್ತು ಹೋಟೆಲುಗಳಿಗಿಂತ ಕಡಿಮೆ. ದೇಶಗಳಿಗೆ ಸಾಲ ಕೊಡುವ ಐಎಂಎಫ್ ಮತ್ತು ವಿಶ್ವಬ್ಯಾಂಕ್ ವಾಷಿಂಗ್ಟನ್‌ನ ಒಂದೇ ರಸ್ತೆಯ ಆಚೆ ಈಚೆ ಕೂತಿವೆ. ಐಎಂಎಫ್‌ನಲ್ಲಿ ದೊಡ್ಡ ತೀರ್ಮಾನಕ್ಕೆ ನೂರಕ್ಕೆ 85 ಮತ ಬೇಕು. ಅಮೆರಿಕದ ಹತ್ತಿರ 16ಕ್ಕಿಂತ ಜಾಸ್ತಿ ಇದೆ. ಕಳೆಯುವ ಲೆಕ್ಕ ನೀವೇ ಮಾಡಿಕೊಳ್ಳಿ. ವಿಶ್ವಬ್ಯಾಂಕಿನ ಸಾಲ ಹುಬ್ಬಳ್ಳಿ ಧಾರವಾಡದ ನಲ್ಲಿಯವರೆಗೂ ಬಂತು. ಮೊದಲು ಕೆಲವು ಬಡಾವಣೆಗಳಿಗೆ ದಿನವಿಡೀ ನೀರು ಬಂತು. ಉಳಿದವರು ಕೊಡ ಇಟ್ಟುಕೊಂಡು ಕಾಯುವುದನ್ನು ಬಿಡಲಿಲ್ಲ. ಅಷ್ಟು ದೂರದಿಂದ ಬರಬೇಕಲ್ಲ, ಪ್ರೆಷರ್ ಸಾಲದು.

2025ರ ಸೆಪ್ಟೆಂಬರ್ 19, ಶುಕ್ರವಾರ. ಎಚ್-1ಬಿ ವೀಸಾಕ್ಕೆ ಒಂದು ಲಕ್ಷ ಡಾಲರ್ ಶುಲ್ಕ ಅಂತ ಶ್ವೇತಭವನದಲ್ಲಿ ರುಜು ಬಿತ್ತು. ಜಾರಿ ಯಾವಾಗಿಂದ? ಭಾನುವಾರದಿಂದ. ಆ ಭಾನುವಾರ ನಮಗೆ ಮಹಾಲಯ ಅಮಾವಾಸ್ಯೆ, ಮಾರನೇ ದಿನ ನವರಾತ್ರಿ. ಗೊಂಬೆ ಕೂರಿಸಲು, ಹಿರಿಯರಿಗೆ ಎಡೆ ಇಡಲು ಊರಿಗೆ ಬಂದವರು ಎಲೆ ಮುಂದಿಂದ ಎದ್ದು ಕೆಂಪೇಗೌಡ ಏರ್‌ಪೋರ್ಟಿನ ಟಿಕೆಟ್ ಹುಡುಕಿದರು. ಆ ಕಡೆ ಅಮೆರಿಕದಲ್ಲಿ ವಿಮಾನ ಹತ್ತಿ ಕೂತಿದ್ದವರು ಬೆಲ್ಟ್ ಬಿಚ್ಚಿ ಇಳಿದರು. ಶನಿವಾರ ಸ್ಪಷ್ಟನೆ ಬಂತು, ಇದು ಹೊಸ ಅರ್ಜಿಗಳಿಗೆ ಮಾತ್ರ, ಈಗಾಗಲೇ ಇದ್ದವರಿಗಲ್ಲ ಅಂತ. ಮೊದಲೇ ಹೇಳಬಹುದಿತ್ತು ಅಲ್ವಾ? ಒಂದು ಸಾಲು.

ವೀಸಾದವರ ಕಷ್ಟ ಬಿಡಿ, ಅವರಿಗೆ ಕೊನೆಗೆ ವಾಪಸ್ ಬರಲು ಒಂದು ಮನೆ ಇದೆ. ವಿದೇಶಗಳಿಗೆ ನೆರವು ಕೊಡುವ ಯುಎಸ್‌ಎಯ್ಡ್ ಅನ್ನುವ ಸಂಸ್ಥೆ ಇತ್ತು. 1961ರದ್ದು. ಅದರಲ್ಲಿ ಅಮೆರಿಕದ ಸ್ವಾರ್ಥ ಇರಲಿಲ್ಲ ಅಂತ ಯಾರೂ ಹೇಳುವುದಿಲ್ಲ. 2025ರ ಜನವರಿಯಲ್ಲಿ ದುಡ್ಡು ನಿಲ್ಲಿಸಿದರು. ಜಗತ್ತಿನ ಅತಿ ದೊಡ್ಡ ಶ್ರೀಮಂತ, ಎಲಾನ್ ಮಸ್ಕ್, ವಾರಾಂತ್ಯದಲ್ಲಿ ಅದನ್ನು ಮರ ಪುಡಿ ಮಾಡುವ ಯಂತ್ರಕ್ಕೆ ಹಾಕಿದೆವು ಅಂತ ಬರೆದುಕೊಂಡು ಹೆಮ್ಮೆಪಟ್ಟರು. ಕಟ್ಟಡದ ಮೇಲಿನ ಹೆಸರು ಕಿತ್ತರು. ಮಾರ್ಚ್‌ಗೆ ನೂರಕ್ಕೆ 83 ಯೋಜನೆ ರದ್ದು. ಜುಲೈಗೆ ಸಂಸ್ಥೆಯ ಕಥೆ ಮುಗಿಯಿತು. ಸುಡಾನ್‌ನಲ್ಲಿ ಯುದ್ಧದ ನಡುವೆ ಅಲ್ಲಿನ ಹುಡುಗರೇ ಸೇರಿ ನಡೆಸುತ್ತಿದ್ದ ಗಂಜಿಕೇಂದ್ರಗಳಿದ್ದವು. ನೂರಾರು ಕೇಂದ್ರಗಳು ಆ ದುಡ್ಡು ನಿಂತು ಒಲೆ ಆರಿಸಿದವು. ಆಫ್ರಿಕಾದ ಎಷ್ಟೋ ಕ್ಲಿನಿಕ್‌ಗಳಲ್ಲಿ ಎಚ್‌ಐವಿ ಮಾತ್ರೆಗೆ ಬಂದವರಿಗೆ ಬಾಗಿಲು ಹಾಕಿತ್ತು. ಇದರಲ್ಲಿ ತಮಾಷೆ ಹುಡುಕಲು ನನ್ನಿಂದ ಆಗುತ್ತಿಲ್ಲ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತ ಮಗುವಿಗೆ ವಾಷಿಂಗ್ಟನ್ ಅಂದರೆ ಏನು ಅಂತ ಗೊತ್ತಿಲ್ಲ. ಆ ಊರಲ್ಲಿ ಯಾರೋ ಒಂದು ಕಾಗದಕ್ಕೆ ರುಜು ಹಾಕಿದರು, ಇಲ್ಲಿ ಅನ್ನ ನಿಂತಿತು. ಇದಕ್ಕೆ ಪ್ರಭಾವ ಅಂತ ಹೆಸರಿಟ್ಟು, ಅಂಕ ಕೊಟ್ಟು, ಬಣ್ಣದ ನಕ್ಷೆ ಬಿಡಿಸಿ ಕಳಿಸುತ್ತಾರಲ್ಲ, ಸಾಕಾಗಿ ಹೋಗಿದೆ.

ಇಷ್ಟಾಗಿ ವಾಷಿಂಗ್ಟನ್‌ಗೆ ಇದರಿಂದ ಒಂದು ಅಂಕವೂ ಕಡಿಮೆಯಾಗಿರಲಿಕ್ಕಿಲ್ಲ. ರಾಜಕೀಯದ ಆ 10 ಅಂಕವನ್ನು ಅವರು ಅಳೆಯುವುದು ರಾಯಭಾರ ಕಚೇರಿ, ಥಿಂಕ್ ಟ್ಯಾಂಕ್, ಸಮ್ಮೇಳನ ಇಂಥವನ್ನು ಎಣಿಸಿ. ರಾಯಭಾರಿಗಳೆಲ್ಲ ಅಲ್ಲೇ ಇದ್ದಾರೆ. ಥಿಂಕ್ ಟ್ಯಾಂಕ್‌ಗಳು ಯೋಚಿಸುತ್ತಲೇ ಇವೆ. ಸಮ್ಮೇಳನಗಳು ನಡೆಯುತ್ತಿವೆ, ಹಸಿವಿನ ಬಗ್ಗೆಯೂ. ಮಧ್ಯಾಹ್ನದ ಊಟ ಚೆನ್ನಾಗಿರುತ್ತದಂತೆ. ಊಟಕ್ಕೆ ಅಂಕ ಬೇರೆ.